ರೊಟ್ಟಿ ಮಾರುವ ಸೋದರಿಯರೇ, ನಿಮ್ಮ ಕೂಲಿಯನ್ನೂ ಬರೆಯಿರಿ

ಹಿಂಗಾರಿ ಜೋಳ ಬೆಳೆಯುವ ಧಾರವಾಡ, ಬಾಗಲಕೋಟೆ, ವಿಜಯಪುರ, ಕಲಬುರಗಿ ಜಿಲ್ಲೆಗಳಲ್ಲಿ ರೊಟ್ಟಿ ಬಡಿಯುವುದನ್ನು ಹೆಣ್ಣುಮಕ್ಕಳಿಗೆ ಬೇರೆ ಯಾರೂ ಹೇಳಿಕೊಡಬೇಕಾಗಿಲ್ಲ. ಮನೆಮಂದಿಯ ಊಟಕ್ಕೆಂದು ಕಲಿತ ಈ ವಿದ್ಯೆ ಈಗ ಕೈಗೆ ನಾಲ್ಕು ಕಾಸು ತರುವ ಉಪಕಸುಬೂ ಆಗಿದೆ. ಪಟ್ಟಣದ ಖಾನಾವಳಿಗಳು, ಕಿರಾಣಿ ಅಂಗಡಿಗಳು, ಮದುವೆ ಮನೆಗಳು ಕಡಕ್ ರೊಟ್ಟಿಯನ್ನು ನೂರುಗಟ್ಟಲೆ ಕೊಳ್ಳುತ್ತವೆ. ಬೇಡಿಕೆ ಇದೆ, ಕೈಯಲ್ಲಿ ಕಸುಬಿದೆ, ಮನೆಯಲ್ಲಿ ಜೋಳವಿದೆ. ಆದರೂ ಬಹಳಷ್ಟು ಜನರ ವ್ಯಾಪಾರ ಒಂದು ಬುಟ್ಟಿಯಿಂದ ಆರಂಭವಾಗಿ, ಒಂದು ಬುಟ್ಟಿಯಲ್ಲೇ ನಿಂತುಬಿಡುತ್ತದೆ. ಬೆಳೆಸಬೇಕೆಂಬ ಆಸೆ ಇದ್ದವರೂ ಸೋಲುತ್ತಾರೆ. ಕಾರಣವನ್ನು ರೊಟ್ಟಿಯಲ್ಲಿ ಹುಡುಕಬೇಡಿ, ಲೆಕ್ಕದಲ್ಲಿ ಹುಡುಕಿರಿ.

ಈ ಲೇಖನ ಮುಖ್ಯವಾಗಿ ಉದ್ಯೋಗದಲ್ಲಿ ಮುಂದೆ ಬರಬೇಕೆಂದಿರುವ ರೈತ ಮಹಿಳೆಯರಿಗಾಗಿ. ಮನೆಯ ಯಜಮಾನರೂ ಓದಿದರೆ ನಷ್ಟವೇನಿಲ್ಲ.

ಒಂದು ದಿನದ ಲೆಕ್ಕ

ತರಬೇತಿಗೆ ಬಂದ ಹೆಣ್ಣುಮಕ್ಕಳನ್ನು ‘ರೊಟ್ಟಿಯಿಂದ ಏನು ಉಳಿಯುತ್ತದೆ?’ ಎಂದು ಕೇಳಿದರೆ ಸಾಮಾನ್ಯವಾಗಿ ಬರುವ ಉತ್ತರ, ‘ಏನೋ ಉಳಿತೈತ್ರಿ’. ‘ನಿಮ್ಮ ಕೂಲಿ ಎಷ್ಟು ಹಿಡಿದಿರಿ?’ ಎಂದರೆ ನಗು. ‘ನನ್ನ ಕೂಲಿ ಎಲ್ಲೀದ್ರೀ ಅಕ್ಕಾರ, ಮನ್ಯಾಗ ಕುಂತು ಮಾಡಿದ್ದು!’ ಈ ನಗುವಿನಲ್ಲೇ ನಷ್ಟ ಅಡಗಿದೆ.

ಒಂದು ಉದಾಹರಣೆ ನೋಡೋಣ. ಇಲ್ಲಿಯ ದರಗಳು ತಿಳಿವಳಿಕೆಗಾಗಿ ಮಾತ್ರ. ನಿಮ್ಮ ಊರಿನ ದರ ಹಾಕಿಕೊಂಡು ನೀವೇ ಕೂಡಿ ಕಳೆಯಿರಿ. ದಿನಕ್ಕೆ 100 ರೊಟ್ಟಿ ಬಡಿಯುತ್ತೀರಿ ಎನ್ನೋಣ. 5 ಕಿಲೋ ಜೋಳ, ಕಿಲೋಗೆ 40 ರೂಪಾಯಿಯಂತೆ 200 ರೂಪಾಯಿ. ಗಿರಣಿಗೆ 25, ಉರುವಲಿಗೆ 40, ಪ್ಲಾಸ್ಟಿಕ್ ಚೀಲಕ್ಕೆ 25, ಪೇಟೆಗೆ ಸಾಗಿಸಲು 30. ಒಟ್ಟು 320 ರೂಪಾಯಿ. ಒಣಗಿಸಿ ಕಟ್ಟುವಾಗ 5 ರೊಟ್ಟಿ ಮುರಿದವು, ಉಳಿದದ್ದು 95. ಅಂಗಡಿಯವನು ಒಂದಕ್ಕೆ 5 ರೂಪಾಯಿಯಂತೆ ಕೊಟ್ಟದ್ದು 475. ಖರ್ಚು ಕಳೆದು 155 ರೂಪಾಯಿ ಕೈಯಲ್ಲಿ ನಿಂತಿತು. ‘ಏನೋ ಉಳಿತೈತಿ’ ಎಂದದ್ದು ಇದೇ.

ಈಗ ಗಡಿಯಾರ ನೋಡಿರಿ. ಎಸರಿಟ್ಟು ಹಿಟ್ಟು ನಾದಿ, ಬಡಿದು, ಬೇಯಿಸಿ, ಒಣಗಿಸಿ, ಎಣಿಸಿ ಕಟ್ಟಲು 5 ತಾಸು ಹಿಡಿಯಿತು. ಅದೇ 5 ತಾಸಿಗೆ ಇನ್ನೊಬ್ಬರ ಕೂಲಿ ತಾಸಿಗೆ 40 ರೂಪಾಯಿಯಂತೆ 200 ರೂಪಾಯಿ. ಅಂದರೆ ನಿಮಗೆ ಉಳಿದದ್ದು 155 ಅಲ್ಲ. ದಿನಕ್ಕೆ 45 ರೂಪಾಯಿ ಕಳೆದುಕೊಂಡಿರಿ. ನಿಮ್ಮದೇ ಬೆವರಿನಿಂದ ಅದನ್ನು ತುಂಬಿಕೊಟ್ಟದ್ದರಿಂದ ಅದು ಕಣ್ಣಿಗೆ ಬೀಳಲಿಲ್ಲ, ಅಷ್ಟೇ.

‘ಹೊರಗೆ ಕೂಲಿಗೆ ಹೋಗುವವಳಲ್ಲ, ಸುಮ್ಮನೆ ಕೂಡುವ ವೇಳೆ ಇದು’ ಎಂದು ಕೆಲವರು ವಾದಿಸುತ್ತಾರೆ. ಒಬ್ಬಳೇ, ಒಂದೇ ಬುಟ್ಟಿ ಮಾಡುವವರೆಗೆ ಈ ಮಾತಿನಲ್ಲಿ ಸ್ವಲ್ಪ ಹುರುಳಿದೆ ಎಂದೇ ಇಟ್ಟುಕೊಳ್ಳೋಣ. ಆದರೆ ಖಾನಾವಳಿಯವರು ‘ನಾಳೆಯಿಂದ 300 ರೊಟ್ಟಿ ಕೊಡಿ’ ಎಂದಾಗ ಏನು ಮಾಡುತ್ತೀರಿ? ನೆರೆಮನೆಯ ಇಬ್ಬರನ್ನು ಕರೆಯಬೇಕು. ಅವರು ಬಿಟ್ಟಿ ಬಡಿಯುವುದಿಲ್ಲ, ಬಡಿಯಲೂ ಬಾರದು. ಇದುವರೆಗೆ ಬಚ್ಚಿಟ್ಟುಕೊಂಡಿದ್ದ ಕೂಲಿ ಆ ದಿನ ರೊಕ್ಕವಾಗಿ ಎದುರು ಬಂದು ನಿಲ್ಲುತ್ತದೆ. ಮೂರು ಪಟ್ಟು ರೊಟ್ಟಿಗೆ ಮೂರು ಪಟ್ಟು ನಷ್ಟ, ದಿನಕ್ಕೆ 135 ರೂಪಾಯಿ. ವ್ಯಾಪಾರ ಬೆಳೆದ ತಿಂಗಳಲ್ಲೇ ಅದು ಮುರಿದು ಬೀಳುವುದು ಹೀಗೆ. ಆಗ ಮನೆಯವರು ‘ಇದು ನಿನ್ನ ಕೈಲಾಗದ ಕೆಲಸ’ ಎನ್ನುತ್ತಾರೆ, ಅವಳೂ ನಂಬಿಬಿಡುತ್ತಾಳೆ. ಕೈಲಾಗದ್ದೇನೂ ಇರಲಿಲ್ಲ. ಬೆಲೆ ಕಟ್ಟಿದ ದಿನವೇ ತಪ್ಪಿತ್ತು.

ಮನೆಯ ಜೋಳದ ವಿಷಯವೂ ಇದೇ. ಹಗೇವಿನ ಜೋಳ ಬಿಟ್ಟಿಯದಲ್ಲ. ಅದನ್ನು ಪೇಟೆಗೆ ಹಾಕಿದ್ದರೆ ಬರುತ್ತಿದ್ದ ಬೆಲೆಯನ್ನು ರೊಟ್ಟಿಯ ಖರ್ಚಿನಲ್ಲಿ ಬರೆಯಲೇಬೇಕು. ಇಲ್ಲವಾದರೆ ಹೊಲದ ಲಾಭವನ್ನು ರೊಟ್ಟಿಯ ಲಾಭವೆಂದು ತಿಳಿದು ಮೋಸಹೋಗುತ್ತೀರಿ.

ಬೆಲೆ ಕೇಳುವ ಧೈರ್ಯ

ಮೇಲಿನ ಲೆಕ್ಕದಲ್ಲಿ ರೊಟ್ಟಿಗೆ 6 ರೂಪಾಯಿ ಸಿಕ್ಕಿದ್ದರೆ 570 ರೂಪಾಯಿ ಬರುತ್ತಿತ್ತು. ಕೂಲಿ ಸೇರಿ ಎಲ್ಲ ಖರ್ಚು ಕಳೆದು 50 ರೂಪಾಯಿ ನಿಜವಾದ ಲಾಭ. ಒಂದೇ ರೂಪಾಯಿಯ ಅಂತರ! ಆದರೆ ಆ ಒಂದು ರೂಪಾಯಿ ಕೇಳಲು ನಮ್ಮ ಹೆಣ್ಣುಮಕ್ಕಳಿಗೆ ನಾಲಿಗೆ ಏಳುವುದಿಲ್ಲ. ಗಿರಾಕಿ ಎಲ್ಲಿ ತಪ್ಪಿಹೋಗುವನೋ ಎಂಬ ಅಂಜಿಕೆ. ಲೆಕ್ಕ ಬರೆದಿಟ್ಟವಳಿಗೆ ಈ ಅಂಜಿಕೆ ಕಡಿಮೆ. ‘5 ರೂಪಾಯಿಗೆ ಕೊಟ್ಟರೆ ನನಗೆ ದಿನಕ್ಕೆ 45 ರೂಪಾಯಿ ಹೋಗುತ್ತದೆ’ ಎಂದು ಖಚಿತವಾಗಿ ಗೊತ್ತಿರುವವಳು ಜಗಳವಾಡದೆಯೂ ‘ಆಗುವುದಿಲ್ಲ’ ಎನ್ನಬಲ್ಲಳು. ಒಬ್ಬ ಗಿರಾಕಿ ಹೋದರೂ ಅವಳು ಕಳೆದುಕೊಳ್ಳುವುದು ನಷ್ಟವನ್ನೇ.

ಸಂತೆಯಲ್ಲಿ ತಾವೇ ಕುಳಿತು ಮಾರಿದರೆ ಹೆಚ್ಚು ಬೆಲೆ ಬರುವುದು ನಿಜ. ಆದರೆ ಸಂತೆಯಲ್ಲಿ ಕಳೆದ ದಿನಕ್ಕೂ ಕೂಲಿ ಹಿಡಿಯಿರಿ.

ಉದ್ರಿಯ ಬಗ್ಗೆ ಒಂದು ಮಾತು. ಅಂಗಡಿಯವನು ‘ಹದಿನೈದು ದಿನಕ್ಕೊಮ್ಮೆ ಕೊಡುತ್ತೇನೆ’ ಎಂದರೆ ಕೂಡಲೇ ತಲೆಯಾಡಿಸಬೇಡಿ. ದಿನಕ್ಕೆ 320 ರೂಪಾಯಿಯಂತೆ 15 ದಿನಕ್ಕೆ 4,800 ರೂಪಾಯಿ ನಿಮ್ಮ ಗಂಟು ಅವನ ಬಳಿ ಇರುತ್ತದೆ. ಅಷ್ಟು ಬಂಡವಾಳ ನಿಮ್ಮಲ್ಲಿದೆಯೇ? ಇಲ್ಲದಿದ್ದರೆ ಬಡ್ಡಿಗೆ ತಂದು ಅವನ ಅಂಗಡಿ ನಡೆಸಿಕೊಟ್ಟಂತಾಯಿತು. ಬೀಗರು, ನೆಂಟರ ಉದ್ರಿ ಇದಕ್ಕಿಂತ ಕಠಿಣ. ಅವರಿಗೆ ಕೊಡಲೇಬೇಕೆನಿಸಿದರೆ ಉಡುಗೊರೆ ಎಂದೇ ಕೊಡಿ, ಮನೆಖರ್ಚಿನಲ್ಲಿ ಬರೆಯಿರಿ, ವ್ಯಾಪಾರದ ಪುಸ್ತಕದಲ್ಲಿ ಬೇಡ.

ಎಂಬತ್ತು ರೂಪಾಯಿಯ ಕಸುಬು

ಹೆಂಗಸರ ಕೈಕಸುಬು ದೊಡ್ಡದಾದುದಕ್ಕೆ ನಮ್ಮ ದೇಶದಲ್ಲೇ ಒಂದು ಒಳ್ಳೆಯ ನಿದರ್ಶನವಿದೆ. 1959ರ ಮಾರ್ಚ್ 15ರಂದು ಮುಂಬಯಿಯ ಗಿರಗಾಂವ್‌ನಲ್ಲಿ ಏಳು ಜನ ಗುಜರಾತಿ ಗೃಹಿಣಿಯರು ತಮ್ಮ ವಸತಿಯ ಮಾಳಿಗೆಯ ಮೇಲೆ ಕುಳಿತು ಹಪ್ಪಳ ಲಟ್ಟಿಸಿದರು. ಬಂಡವಾಳ 80 ರೂಪಾಯಿ, ಅದೂ ಸಾಲ ತಂದದ್ದು. ಮೊದಲ ದಿನದ ಉತ್ಪಾದನೆ ನಾಲ್ಕು ಪೊಟ್ಟಣ. ಅದೇ ಇಂದಿನ ಲಿಜ್ಜತ್ ಪಾಪಡ್ ಸಂಸ್ಥೆ. ಆ ಏಳು ಜನರಲ್ಲಿ ಒಬ್ಬರಾದ ಜಸವಂತಿಬೆನ್ ಪೋಪಟ್ ಅವರಿಗೆ 2021ರಲ್ಲಿ ಪದ್ಮಶ್ರೀ ಪ್ರಶಸ್ತಿ ಸಂದಿತು.

ಸಾಲ ಕೊಟ್ಟ ಸಮಾಜ ಸೇವಕ ಛಗನ್‌ಲಾಲ್ ಪಾರೇಖ್ ಅವರು ಹಣದ ಜತೆಗೆ ಬುದ್ಧಿಮಾತನ್ನೂ ಕೊಟ್ಟರು. ಆ ಹೆಂಗಸರು ಮೊದಲಿಗೆ ಒಳ್ಳೆಯದೊಂದು, ಅಗ್ಗದ್ದೊಂದು ಎಂದು ಎರಡು ಬಗೆಯ ಹಪ್ಪಳ ಮಾಡಬೇಕೆಂದಿದ್ದರು. ಒಂದೇ ಗುಣಮಟ್ಟದ್ದು ಮಾಡಿರಿ, ಅದರಲ್ಲಿ ರಾಜಿ ಬೇಡ, ಲೆಕ್ಕಪತ್ರ ಸರಿಯಾಗಿ ಇಡಿರಿ ಎಂದು ಅವರು ಕಟ್ಟುನಿಟ್ಟಾಗಿ ಹೇಳಿದರು. ದಾನ ತೆಗೆದುಕೊಳ್ಳುವುದಿಲ್ಲವೆಂಬುದು ಸಂಸ್ಥೆಯ ನಿಯಮವಾಯಿತು. ನಮ್ಮ ವಿಷಯಕ್ಕೆ ಎಲ್ಲಕ್ಕಿಂತ ಮುಖ್ಯವಾದದ್ದು ಇನ್ನೊಂದು: ಅಲ್ಲಿ ಸದಸ್ಯೆಯರು ಸಂಸ್ಥೆಯ ಪಾಲುದಾರರೇ ಆಗಿದ್ದರೂ ಲಟ್ಟಿಸಿದ ಹಪ್ಪಳದ ತೂಕಕ್ಕೆ ತಕ್ಕಂತೆ ಕೂಲಿ ಪಡೆಯುತ್ತಾರೆ. ಲಾಭದ ಪಾಲು ಬೇರೆ. ‘ನಮ್ಮದೇ ಸಂಸ್ಥೆ, ಕೂಲಿ ಯಾಕೆ’ ಎಂದು ಅವರು ಬಿಟ್ಟುಕೊಡಲಿಲ್ಲ.

ಮೊದಲ ವರ್ಷ ಮಳೆಗಾಲ ಬಂದಾಗ ಹಪ್ಪಳ ಒಣಗದೆ ನಾಲ್ಕು ತಿಂಗಳು ಕೆಲಸ ನಿಂತಿತು. ಮರುವರ್ಷ ಒಂದು ಮಂಚ, ಒಂದು ಒಲೆ ಕೊಂಡರು. ಮಂಚದ ಮೇಲೆ ಹಪ್ಪಳ, ಕೆಳಗೆ ಒಲೆ. ಕೆಲಸ ನಿಲ್ಲಲಿಲ್ಲ. ಜೂನ್ ತಿಂಗಳಲ್ಲಿ ರೊಟ್ಟಿ ಮೆತ್ತಗಾಗಿ ಬೂಸು ಹಿಡಿದು ಗಿರಾಕಿಯನ್ನು ಕಳೆದುಕೊಂಡವರು ಇದನ್ನು ಎರಡು ಸಲ ಓದಿಕೊಳ್ಳಲಿ. ಇನ್ನೂ ಬಿಸಿಯಿರುವಾಗಲೇ ಚೀಲದಲ್ಲಿ ಕಟ್ಟಿದ ರೊಟ್ಟಿ ಒಳಗೇ ಬೆವತು ಕೆಡುತ್ತದೆ. ಪೂರ್ತಿ ಒಣಗಿ, ಆರಿ, ಮುರಿದರೆ ಸದ್ದಾಗುವಂತಾದ ಮೇಲೆಯೇ ಕಟ್ಟಬೇಕು.

ಹೆಸರು ಯಾರದು?

ರೊಟ್ಟಿ ಬಡಿಯುವ ಕೈ ಒಬ್ಬರದು, ಬ್ಯಾಂಕಿನ ಖಾತೆ ಇನ್ನೊಬ್ಬರದು. ಇದು ನಮ್ಮ ಹಳ್ಳಿಗಳಲ್ಲಿ ಎಷ್ಟು ಸಾಮಾನ್ಯವೆಂದರೆ ಯಾರಿಗೂ ವಿಚಿತ್ರವೆನಿಸುವುದಿಲ್ಲ. ಮನೆಯವರ ಮೇಲೆ ನಂಬಿಕೆ ಇಲ್ಲವೆಂದು ಇದರ ಅರ್ಥವಲ್ಲ. ಬ್ಯಾಂಕಿನವರು ಸಾಲ ಕೊಡುವಾಗ ನೋಡುವುದು ಖಾತೆಯಲ್ಲಿ ಹಣ ಬಂದು ಹೋದ ದಾಖಲೆಯನ್ನು. ನಿಮ್ಮ ಮೂರು ವರ್ಷದ ದುಡಿಮೆ ನಿಮ್ಮ ಹೆಸರಿನಲ್ಲಿ ಎಲ್ಲಿಯೂ ಇಲ್ಲವಾದರೆ ನೀವು ದುಡಿದೇ ಇಲ್ಲವೆಂದು ಅವರು ತಿಳಿಯುತ್ತಾರೆ.

ಆದ್ದರಿಂದ ವ್ಯಾಪಾರಕ್ಕೆ ನಿಮ್ಮ ಹೆಸರಿನ ಪ್ರತ್ಯೇಕ ಖಾತೆ ಇರಲಿ. ಆಹಾರ ಪದಾರ್ಥ ಮಾರಲು ಬೇಕಾದ ಆಹಾರ ಸುರಕ್ಷತಾ ನೋಂದಣಿಯನ್ನೂ ನಿಮ್ಮ ಹೆಸರಿನಲ್ಲೇ ಮಾಡಿಸಿರಿ. ಹೊಲವಿಲ್ಲವೆಂದು ಹಿಂಜರಿಯಬೇಡಿ. 2015ರಲ್ಲಿ ಆರಂಭವಾದ ಮುದ್ರಾ ಯೋಜನೆಯ ‘ಶಿಶು’ ವಿಭಾಗದಲ್ಲಿ 50,000 ರೂಪಾಯಿಯವರೆಗಿನ ಸಾಲಕ್ಕೆ ಅಡವು ಕೇಳುವುದಿಲ್ಲ. ರಾಜ್ಯದಲ್ಲಿ 2000ದಲ್ಲಿ ಸ್ತ್ರೀಶಕ್ತಿ ಯೋಜನೆ ಬಂದಂದಿನಿಂದ ಊರೂರಿನಲ್ಲಿ ಸ್ವಸಹಾಯ ಗುಂಪುಗಳಾಗಿವೆ. ಆದರೆ ಗುಂಪಿನ ಸಾಲ ತಂದು ಮನೆಯ ಲಗ್ನಕ್ಕೆ ಖರ್ಚು ಮಾಡಿ, ರೊಟ್ಟಿಯ ದುಡ್ಡಿನಿಂದ ಕಂತು ತುಂಬುವುದು ವ್ಯಾಪಾರವಲ್ಲ. ಅದು ರೊಟ್ಟಿಯ ಕೊರಳಿಗೆ ಲಗ್ನದ ಸಾಲ ಕಟ್ಟಿದಂತೆ.

ಹೊಲದ ವಿಷಯಕ್ಕೂ ಬರಬೇಕು. ಹಿಂದೂ ಅವಿಭಕ್ತ ಕುಟುಂಬದ ಪಿತ್ರಾರ್ಜಿತ ಆಸ್ತಿಯಲ್ಲಿ ಮಗಳಿಗೂ ಮಗನಂತೆ ಹುಟ್ಟಿನಿಂದ ಹಕ್ಕಿದೆ. ಕರ್ನಾಟಕ 1994ರಲ್ಲಿ ಮದುವೆಯಾಗದ ಹೆಣ್ಣುಮಕ್ಕಳಿಗೆ ಈ ಹಕ್ಕು ಕೊಟ್ಟಿತ್ತು. 2005ರ ಕೇಂದ್ರದ ತಿದ್ದುಪಡಿಯಿಂದ ಮದುವೆಯಾದವರಿಗೂ ಬಂತು. ಆ ತಿದ್ದುಪಡಿಯ ದಿನ ತಂದೆ ಜೀವಂತ ಇರಲೇಬೇಕೆಂದಿಲ್ಲ ಎಂದು ಸುಪ್ರೀಂ ಕೋರ್ಟು 2020ರಲ್ಲಿ ಸ್ಪಷ್ಟಪಡಿಸಿದೆ. ತವರಿನ ಪಾಲು ಕೇಳುವುದೋ ಬಿಡುವುದೋ ನಿಮ್ಮ ವಿಚಾರ. ಆದರೆ ಏನೆಂದು ಓದದೆ ಹಕ್ಕು ಬಿಡುವ ಪತ್ರಕ್ಕೆ ಹೆಬ್ಬೆಟ್ಟು ಒತ್ತಬೇಡಿ.

ಯಂತ್ರ ಕೊಳ್ಳುವ ಮೊದಲು

ರೊಟ್ಟಿ ಒತ್ತುವ ಯಂತ್ರ ನೋಡಿ ಮನಸೋಲುವವರು ಬಹಳ. ಯಂತ್ರ ತಪ್ಪಲ್ಲ. ಆದರೆ 20,000 ರೂಪಾಯಿಯ ಯಂತ್ರ ಐದು ವರ್ಷ ಬಾಳಿದರೆ ವರ್ಷಕ್ಕೆ 4,000, ಕೆಲಸದ 300 ದಿನಕ್ಕೆ ಹಂಚಿದರೆ ದಿನಕ್ಕೆ ಸುಮಾರು 13 ರೂಪಾಯಿ ಸವಕಳಿ. ಇದಕ್ಕೆ ಬಡ್ಡಿ, ವಿದ್ಯುತ್ ಖರ್ಚು ಕೂಡಿಸಿರಿ. ದಿನಕ್ಕೆ ಎರಡು ತಾಸು ಉಳಿಸಿದರೆ 80 ರೂಪಾಯಿಯ ಕೂಲಿ ಉಳಿಯಿತು. ಆಗ ಕೊಳ್ಳಬಹುದು. ಆದರೆ ಹೆಚ್ಚಾದ ರೊಟ್ಟಿಗೆ ಗಿರಾಕಿ ಮೊದಲು ಗೊತ್ತಿರಬೇಕು. ಇಲ್ಲವೇ ಉಳಿದ ಎರಡು ತಾಸನ್ನು ನಿಮ್ಮ ನಿದ್ರೆಗೇ ಬಳಸಿರಿ, ಅದಕ್ಕೂ ಬೆಲೆಯಿದೆ. ನಸುಕಿನ ನಾಲ್ಕಕ್ಕೆ ಎದ್ದು ರಾತ್ರಿ ಹನ್ನೊಂದಕ್ಕೆ ಮಲಗುವ ಹೆಣ್ಣುಮಗಳು ಬೆನ್ನುನೋವಿನಿಂದ ಒಂದು ವಾರ ಮಲಗಿದರೆ ಗಿರಾಕಿ ಬೇರೆಯವರ ಪಾಲಾಗುತ್ತಾನೆ. ನೀರು ತರುವುದು, ಗಿರಣಿಗೆ ಹೋಗುವುದು, ದನದ ಕಸ ತೆಗೆಯುವುದು, ಇವುಗಳಲ್ಲಿ ಎರಡನ್ನಾದರೂ ಮನೆಯ ಗಂಡಸರು ವಹಿಸಿಕೊಳ್ಳಲು ಸಾಧ್ಯವೇ ಎಂದು ಕುಳಿತು ಮಾತನಾಡಿರಿ. ಲೆಕ್ಕದ ಪುಸ್ತಕ ಎದುರಿಗಿಟ್ಟು ಆಡಿದ ಮಾತಿಗೆ ಬೆಲೆ ಹೆಚ್ಚು.

ಪುಸ್ತಕ ಇಡುವ ಬಗೆ

ನೂರು ಹಾಳೆಯ ಒಂದು ಶಾಲೆಯ ನೋಟುಬುಕ್ಕು ಸಾಕು. ಒಂದು ಪುಟ ಒಂದು ವಾರಕ್ಕೆ. ದಿನಾಂಕ, ಜೋಳದ ತೂಕ ಮತ್ತು ಬೆಲೆ, ಇತರ ಖರ್ಚು, ದುಡಿದ ತಾಸು, ಮಾಡಿದ ರೊಟ್ಟಿ, ಮುರಿದದ್ದು, ಮಾರಿದ್ದು, ಬಂದ ನಗದು, ಬರಬೇಕಾದ ಉದ್ರಿ. ಬರೆಯಲು ಬಾರದಿದ್ದರೆ ಶಾಲೆಗೆ ಹೋಗುವ ಮಗಳಿಂದ ಬರೆಸಿರಿ, ಅವಳೂ ಕಲಿಯುತ್ತಾಳೆ. ಪೆಟ್ಟಿಗೆಯಿಂದ ಮನೆಯ ಸಕ್ಕರೆ, ಎಣ್ಣೆಗೆಂದು ತೆಗೆದ ಹಣವನ್ನೂ ಅಂದೇ ಬರೆಯಿರಿ. ಅದು ನಿಮ್ಮ ಕೂಲಿಯಿಂದ ತೆಗೆದದ್ದೇ ಹೊರತು ಬಂಡವಾಳದಿಂದಲ್ಲ.

ನಾಲ್ಕು ವಾರ ತುಂಬಿದ ಮೇಲೆ ಪುಸ್ತಕವನ್ನು ನಿಮ್ಮ ಜಿಲ್ಲೆಯ ಕೃಷಿ ವಿಜ್ಞಾನ ಕೇಂದ್ರಕ್ಕೆ ತೆಗೆದುಕೊಂಡು ಹೋಗಿ ಅಲ್ಲಿಯ ಗೃಹ ವಿಜ್ಞಾನ ತಜ್ಞರಿಗೆ ತೋರಿಸಿರಿ. ಜತೆಗೆ ಒಂದು ಕಟ್ಟು ರೊಟ್ಟಿಯನ್ನೂ ಒಯ್ಯಿರಿ. ಚೀಲ, ಒಣಗಿಸುವಿಕೆ, ತೂಕದ ಬಗ್ಗೆ ಅವರು ಕೈಯಲ್ಲಿ ಹಿಡಿದು ನೋಡಿಯೇ ಹೇಳುವುದು ಒಳ್ಳೆಯದು. ಆ ಕಟ್ಟಿನ ಬೆಲೆಯನ್ನೂ ಖರ್ಚಿನ ಕಡೆ ಬರೆದುಕೊಳ್ಳಲು ಮರೆಯಬೇಡಿ.