ರುಜುವಾತಿನ ಹೊಣೆ ಯಾರ ಮೇಲೆ? ಚೀನಾದ ಹಿರಿಯರ ಸಂದರ್ಶಕ ವೀಸಾ ಮತ್ತು ಕಾನೂನು

ಅಮೆರಿಕದಲ್ಲಿರುವ ಮಗನನ್ನೋ ಮಗಳನ್ನೋ ನೋಡಿಬರಲು ಚೀನಾದ ವೃದ್ಧ ದಂಪತಿ ಬಿ-2 ಸಂದರ್ಶಕ ವೀಸಾಕ್ಕೆ ಅರ್ಜಿ ಹಾಕಿದಾಗ, ಕಾನೂನು ಅವರ ಬಗ್ಗೆ ಮೊದಲೇ ಒಂದು ತೀರ್ಮಾನಕ್ಕೆ ಬಂದಿರುತ್ತದೆ. ಇವರು ಹೋದರೆ ಮರಳುವವರಲ್ಲ, ಅಲ್ಲೇ ನೆಲೆಸುವವರು ಎಂಬುದೇ ಆ ತೀರ್ಮಾನ. ಅಮೆರಿಕದ ವಲಸೆ ಮತ್ತು ಪೌರತ್ವ ಕಾಯ್ದೆಯ 214(ಬಿ) ಕಲಂ ಈ ಪೂರ್ವಭಾವನೆಯನ್ನು ನೇರವಾಗಿಯೇ ಹೇಳುತ್ತದೆ. ಹಾಗಲ್ಲವೆಂದು ತೋರಿಸಿಕೊಡುವ ಹೊಣೆ ಅರ್ಜಿದಾರರದು. ಅಧಿಕಾರಿಗೆ ಮನವರಿಕೆಯಾಗದಿದ್ದರೆ ನಿರಾಕರಣೆಯ ಮುದ್ರಿತ ಪತ್ರ ಕೈಗೆ ಬರುತ್ತದೆ. ಅದರ ಮೇಲೆ ಮೇಲ್ಮನವಿ ಇಲ್ಲ. ಕಟ್ಟಿದ 185 ಡಾಲರ್ ಶುಲ್ಕವೂ ವಾಪಸಾಗುವುದಿಲ್ಲ. ಮೈಸೂರಿನಿಂದಲೋ ಹುಬ್ಬಳ್ಳಿಯಿಂದಲೋ ಮಗಳ ಬಾಣಂತನಕ್ಕೆ ಹೊರಡುವ ತಾಯಿಗೂ ಇದೇ ಕಲಂ ಅನ್ವಯಿಸುತ್ತದೆ. ಆದರೆ ಚೀನಾದ ಒಂದು ತಲೆಮಾರಿಗೆ ಇದರ ಬಿಸಿ ಹೆಚ್ಚು ತಟ್ಟಲು ಬೇರೆಯೇ ಕಾರಣವಿದೆ.

1980ರಿಂದ 2015ರವರೆಗೆ ಚೀನಾದಲ್ಲಿ ಒಂದೇ ಮಗುವಿನ ನೀತಿ ಜಾರಿಯಲ್ಲಿತ್ತು. ಆಗ ತಂದೆ-ತಾಯಿಯಾದವರಲ್ಲಿ ಬಹಳ ಮಂದಿ ಈಗ ಅರವತ್ತು ದಾಟಿದ್ದಾರೆ. ಅವರಿಗಿರುವ ಒಂದೇ ಮಗು ಕ್ಯಾಲಿಫೋರ್ನಿಯಾದಲ್ಲೋ ನ್ಯೂಜೆರ್ಸಿಯಲ್ಲೋ ನೆಲೆಸಿದ್ದರೆ, 'ಊರಲ್ಲಿ ನಿಮಗೆ ಯಾರಿದ್ದಾರೆ?' ಎಂಬ ಪ್ರಶ್ನೆಗೆ ಅವರು ಏನು ಹೇಳಬೇಕು? ಇನ್ನೊಂದು ಕಡೆ, 2013ರ ಜುಲೈ 1ರಂದು ಜಾರಿಗೆ ಬಂದ ಚೀನಾದ ತಿದ್ದುಪಡಿಯಾದ ಹಿರಿಯರ ಹಕ್ಕುಗಳ ಕಾಯ್ದೆ, ದೂರವಿರುವ ಮಕ್ಕಳು ಹೆತ್ತವರನ್ನು ಆಗಾಗ ಭೇಟಿಯಾಗಬೇಕು, ಕ್ಷೇಮ ವಿಚಾರಿಸಬೇಕು ಎನ್ನುತ್ತದೆ. ಎಚ್-1ಬಿ ಉದ್ಯೋಗ ವೀಸಾದ ಮೇಲೆ ದುಡಿಯುವ ಮಕ್ಕಳು ಊರಿಗೆ ಬಂದರೆ ಮತ್ತೆ ವೀಸಾ ಮುದ್ರೆ ಸಿಗುವುದು ತಡವಾದೀತು ಎಂದು ಹೆದರುತ್ತಾರೆ. ಆಗ ಹೆತ್ತವರೇ ಹೊರಡಬೇಕಾಗುತ್ತದೆ. ಒಂದು ಸರ್ಕಾರ ಒಂದೇ ಮಗು ಸಾಕೆಂದಿತು. ಇನ್ನೊಂದು ಸರ್ಕಾರದ ವೀಸಾ ಕಿಟಕಿಯಲ್ಲಿ ಆ ಒಂದೇ ಮಗುವೇ ಅನುಮಾನಕ್ಕೆ ಕಾರಣವಾಗಬಹುದು. ಇದು ಈ ಹಿರಿಯರಿಗೆ ಆಗುತ್ತಿರುವ ಅನ್ಯಾಯ ಎಂದೇ ನಾನು ಭಾವಿಸುತ್ತೇನೆ.

ಆದರೂ ಕಾನೂನು ಇರುವುದು ಹೀಗೆ. ಅದರೊಳಗೇ ದಾರಿ ಹುಡುಕಬೇಕು. ವಿದೇಶದಲ್ಲಿರುವ ಮಕ್ಕಳು ಸಾಮಾನ್ಯವಾಗಿ ತಮ್ಮ ಸಂಬಳದ ಚೀಟಿ, ತೆರಿಗೆ ದಾಖಲೆ, ಮನೆಯ ಪತ್ರ, ಬ್ಯಾಂಕ್ ವಿವರ ಎಲ್ಲವನ್ನೂ ಕಂತೆಕಟ್ಟಿ ಕಳಿಸುತ್ತಾರೆ. ತಂದೆ-ತಾಯಿಯನ್ನು ಸಾಕುವ ಶಕ್ತಿ ನಮಗಿದೆ ಎಂದು ತೋರಿಸುವುದು ಅವರ ಉದ್ದೇಶ. 214(ಬಿ) ಕೇಳುವುದು ಅದನ್ನಲ್ಲ. ಸಂದರ್ಶಕ ವೀಸಾಕ್ಕೆ ಆಹ್ವಾನ ಪತ್ರವಾಗಲಿ ಆರ್ಥಿಕ ಬೆಂಬಲದ ಪ್ರಮಾಣಪತ್ರವಾಗಲಿ ಬೇಕಿಲ್ಲವೆಂದು ಅಮೆರಿಕದ ವಿದೇಶಾಂಗ ಇಲಾಖೆಯೇ ಹೇಳಿದೆ. ಅಧಿಕಾರಿ ತೂಗುವುದು ಹಿರಿಯರ ಸ್ವಂತ ಬದುಕನ್ನು. ಅವರ ಹೆಸರಿನ ಮನೆಯ ಹಕ್ಕುಪತ್ರ, ನಿವೃತ್ತಿ ಪತ್ರ, ತಿಂಗಳು ತಿಂಗಳು ಪಿಂಚಣಿ ಜಮೆಯಾಗುವ ಖಾತೆ, ನಡೆಯುತ್ತಿರುವ ಚಿಕಿತ್ಸೆ, ಊರಲ್ಲಿ ನೋಡಿಕೊಳ್ಳಬೇಕಾದ ಇನ್ನೂ ಹಿರಿಯ ತಾಯಿ ಅಥವಾ ತಂದೆ, ಹಿಂದೆ ಬೇರೆ ದೇಶಕ್ಕೆ ಹೋಗಿ ಸಮಯಕ್ಕೆ ಸರಿಯಾಗಿ ಮರಳಿದ ದಾಖಲೆ ಇವೆಲ್ಲ ಅಲ್ಲಿ ಲೆಕ್ಕಕ್ಕೆ ಬರುತ್ತವೆ. ಸಂಬಂಧ ತೋರಿಸಲು ಹುಕೌ ಎಂಬ ಕುಟುಂಬ ನೋಂದಣಿ ಪುಸ್ತಕವಿದೆ. ಚೀನಾದಲ್ಲಿ ಏಕರೂಪದ ವೈದ್ಯಕೀಯ ಜನನ ಪ್ರಮಾಣಪತ್ರ ಬಂದದ್ದೇ 1996ರಲ್ಲಿ. ಅದಕ್ಕೂ ಮೊದಲು ಹುಟ್ಟಿದ ಮಕ್ಕಳ ವಿಷಯದಲ್ಲಿ, ಹುಕೌ ಆಧರಿಸಿ ನೋಟರಿ ಕಚೇರಿ ಕೊಡುವ ಸಂಬಂಧ ಪ್ರಮಾಣಪತ್ರವನ್ನೇ ನಂಬಬೇಕಾಗುತ್ತದೆ.

ಕಾಗದ ಎಷ್ಟಿದ್ದರೂ ಸಂದರ್ಶನ ಕೆಲವೇ ನಿಮಿಷಗಳಲ್ಲಿ ಮುಗಿಯುತ್ತದೆ. ಅಧಿಕಾರಿ ಕಡತವನ್ನು ತೆರೆಯದೆಯೇ ತೀರ್ಮಾನಿಸಬಹುದು. ಹಾಗಾಗಿ ಮಗ ಯಾವ ಊರಲ್ಲಿದ್ದಾನೆ, ಏನು ಕೆಲಸ, ಅವನ ವೀಸಾ ಯಾವುದು, ಎಷ್ಟು ದಿನ ಇರುತ್ತೀರಿ, ಖರ್ಚು ಯಾರದು, ಮರಳಿ ಬಂದು ಏನು ಮಾಡುತ್ತೀರಿ ಎಂಬ ಪ್ರಶ್ನೆಗಳಿಗೆ ಹಿರಿಯರು ತಮ್ಮದೇ ಮಾತಿನಲ್ಲಿ ಚುಟುಕಾಗಿ ಉತ್ತರಿಸುವಂತಿರಬೇಕು. ಬಾಯಿಪಾಠ ಮಾಡಿಸಬೇಡಿ; ಪ್ರಶ್ನೆಯ ಕ್ರಮ ಬದಲಾದೊಡನೆ ಅದು ಕೈಕೊಡುತ್ತದೆ. ಫೂಜಿಯಾನ್ ಕಡೆಯ, ತೈಶಾನ್ ಕಡೆಯ ಎಷ್ಟೋ ವೃದ್ಧರಿಗೆ ಮನೆಮಾತೇ ಬೇರೆ, ಮ್ಯಾಂಡರಿನ್ ಅಷ್ಟಾಗಿ ಬಾರದು. ಅಂಥವರ ಜೊತೆ ಮೊದಲೇ ಕೂತು ನಿಧಾನವಾಗಿ ಮಾತಾಡಿಸಿ ಅಭ್ಯಾಸ ಮಾಡಿಸುವುದು ಮಕ್ಕಳ ಕೆಲಸ.

ಸಂದರ್ಶನದ ನಿಯಮಗಳೂ ಬಿಗಿಯಾಗಿವೆ. 79 ದಾಟಿದವರಿಗೆ ಹಿಂದೆ ಇದ್ದ ವಿನಾಯಿತಿ 2025ರ ಸೆಪ್ಟೆಂಬರ್ 2ರಿಂದ ಸಾಮಾನ್ಯವಾಗಿ ಇಲ್ಲ. ತಮ್ಮ ದೇಶದಲ್ಲಿ ಅಥವಾ ತಾವು ವಾಸವಿರುವ ದೇಶದಲ್ಲೇ ಅರ್ಜಿ ಹಾಕಬೇಕೆಂಬ ಸೂಚನೆಯೂ ಅದೇ ತಿಂಗಳು ಬಂತು. ಚೆಂಗ್ಡುವಿನ ಅಮೆರಿಕನ್ ದೂತಾವಾಸ 2020ರ ಜುಲೈನಲ್ಲಿ ಮುಚ್ಚಿದ ಮೇಲೆ, ನೈರುತ್ಯ ಚೀನಾದ ವೃದ್ಧರು ಬೀಜಿಂಗ್‌ಗೋ ಶಾಂಘೈಗೋ ಗುವಾಂಗ್‌ಝೌಗೋ ದೂರ ಪ್ರಯಾಣ ಮಾಡಬೇಕಾಗಿದೆ. ಮಂಡಿನೋವಿನ ಎಂಬತ್ತರ ಅಜ್ಜಿಯನ್ನು ಕೆಲವು ನಿಮಿಷದ ಮಾತಿಗಾಗಿ ಹೀಗೆ ಅಲೆಸುವ ಅಗತ್ಯವಿದೆಯೇ ಎಂದು ಆ ನಿಯಮ ಬರೆದವರು ಯೋಚಿಸಬೇಕಿತ್ತು.

ಡಿಎಸ್-160 ಎಂಬ ಆನ್‌ಲೈನ್ ಅರ್ಜಿಯ ಬಗ್ಗೆ ಬಹಳ ಎಚ್ಚರ ಬೇಕು. ಬಹುತೇಕ ಹಿರಿಯರ ಪರವಾಗಿ ಅದನ್ನು ಏಜೆಂಟರೋ ಮಕ್ಕಳೋ ತುಂಬುತ್ತಾರೆ. ತುಂಬಲು ನೆರವಾದವರ ವಿವರವನ್ನು ಅರ್ಜಿಯಲ್ಲೇ ಕೊಡಬೇಕು. ಕೊನೆಯ ಸಹಿ ಮತ್ತು ಸಲ್ಲಿಕೆಯ ಗುಂಡಿಯನ್ನು ಅರ್ಜಿದಾರರೇ ಒತ್ತಬೇಕು. ಒತ್ತಿದ ಕ್ಷಣದಿಂದ ಒಳಗಿರುವ ಪ್ರತಿ ಉತ್ತರವೂ ಅವರದೇ ಹೇಳಿಕೆ. ಹೆಸರಿನ ಚೀನೀ ಅಕ್ಷರಗಳು, ಹಿಂದಿನ ಉದ್ಯೋಗ, ಸೇನೆಯಲ್ಲಿ ಸೇವೆ ಸಲ್ಲಿಸಿದ್ದು, ಅಮೆರಿಕದಲ್ಲಿರುವ ಹತ್ತಿರದ ಬಂಧುಗಳು, ಎಲ್ಲದಕ್ಕೂ ಅಲ್ಲಿ ಪ್ರಶ್ನೆಯಿದೆ. ನಿಮಗಾಗಿ ಯಾರಾದರೂ ವಲಸೆ ಅರ್ಜಿ ಹಾಕಿದ್ದಾರೆಯೇ ಎಂದೂ ಕೇಳುತ್ತಾರೆ. ಅಮೆರಿಕನ್ ಪ್ರಜೆಯಾದ ಮಗ ಗ್ರೀನ್ ಕಾರ್ಡಿಗಾಗಿ ಐ-130 ಸಲ್ಲಿಸಿದ್ದರೆ ಉತ್ತರ 'ಹೌದು'. ಅದನ್ನು ಮುಚ್ಚಿಟ್ಟರೆ ವೀಸಾ ಸುಲಭ ಎಂದು ಹೇಳುವ ಏಜೆಂಟರನ್ನು ಹತ್ತಿರ ಸೇರಿಸಬೇಡಿ. ಮುಖ್ಯವಾದ ಸಂಗತಿಯಲ್ಲಿ ಬೇಕೆಂದೇ ಸುಳ್ಳು ಹೇಳಿದವರಿಗೆ 212(ಎ)(6)(ಸಿ) ಕಲಂ ಶಾಶ್ವತ ನಿರ್ಬಂಧ ಹೇರುತ್ತದೆ. 214(ಬಿ) ನಿರಾಕರಣೆ ಅಂಥದ್ದಲ್ಲ, ಪರಿಸ್ಥಿತಿ ಬದಲಾದರೆ ಅದನ್ನು ದಾಟಬಹುದು. ಸುಳ್ಳಿನ ಮುದ್ರೆ ಬಿದ್ದರೆ ಮುಂದೆ ಗ್ರೀನ್ ಕಾರ್ಡಿನ ದಾರಿಗೂ ಅದು ಅಡ್ಡ ಬರುತ್ತದೆ.

ಬಾಣಂತನ ಮತ್ತು ಮೊಮ್ಮಗುವಿನ ಆರೈಕೆ ಈ ಪ್ರಯಾಣಗಳ ದೊಡ್ಡ ಕಾರಣ. ಅದನ್ನು ಹೇಳಲು ಹಿರಿಯರು ಹೆದರುತ್ತಾರೆ. ಮಗಳ ಹೆರಿಗೆಗೆ ಹೋಗುವುದು ಕುಟುಂಬ ಭೇಟಿಯೇ, ಅದನ್ನು ಮರೆಮಾಚುವ ಅಗತ್ಯವಿಲ್ಲ. ಸಂಬಳ ಪಡೆದು ಮಗು ನೋಡಿಕೊಳ್ಳುವುದು ಸಂದರ್ಶಕ ವೀಸಾದಲ್ಲಿ ಸಲ್ಲದು. ಕೆನಡಾದ ವಲಸೆ ಇಲಾಖೆಯಂತೂ ಈ ಗೊಂದಲಕ್ಕೆ ಎಡೆಯಿಲ್ಲದಂತೆ, ಭೇಟಿಗೆ ಬಂದ ತಾಯಿ ಸಂಭಾವನೆ ಪಡೆಯದೆ ಮಗಳ ಮಗುವನ್ನು ನೋಡಿಕೊಳ್ಳುವುದು 'ಕೆಲಸ' ಅಲ್ಲ ಎಂದು ತನ್ನ ಮಾರ್ಗದರ್ಶಿಯಲ್ಲಿ ಉದಾಹರಣೆ ಸಹಿತ ಬರೆದಿದೆ. ಉಳಿದ ದೇಶಗಳೂ ಇಷ್ಟೇ ಸ್ಪಷ್ಟವಾಗಿ ಬರೆದರೆ ಎಷ್ಟೋ ಅಜ್ಜಿಯರು ಕಿಟಕಿಯ ಮುಂದೆ ತಡವರಿಸಬೇಕಾಗಿರಲಿಲ್ಲ.

ವೀಸಾ ಸಿಕ್ಕಿದ ಮೇಲೆ ಇನ್ನೊಂದು ತಪ್ಪು ತಿಳಿವಳಿಕೆ ಕಾದಿರುತ್ತದೆ. 2014ರ ನವೆಂಬರ್ ಒಪ್ಪಂದದ ನಂತರ ಚೀನಾದ ಪ್ರಜೆಗಳಿಗೆ ಹತ್ತು ವರ್ಷದ ಸಂದರ್ಶಕ ವೀಸಾ ದೊರೆಯಿತು. ಹತ್ತು ವರ್ಷವೆಂದರೆ ಅಲ್ಲಿ ಹತ್ತು ವರ್ಷ ಇರಬಹುದೆಂದಲ್ಲ. ಆ ಅವಧಿಯಲ್ಲಿ ಮತ್ತೆ ಮತ್ತೆ ಹೋಗಿ ಬಾಗಿಲು ತಟ್ಟಬಹುದು, ಅಷ್ಟೇ. ಪ್ರತಿ ಸಲ ಎಷ್ಟು ದಿನ ಇರಬಹುದೆಂದು ವಿಮಾನ ನಿಲ್ದಾಣದ ಅಧಿಕಾರಿ ನಿರ್ಧರಿಸುತ್ತಾರೆ; ಸಾಮಾನ್ಯವಾಗಿ ಆರು ತಿಂಗಳು. ಆ ಕೊನೆಯ ದಿನಾಂಕ ಐ-94 ದಾಖಲೆಯಲ್ಲಿರುತ್ತದೆ. ಇಳಿದ ವಾರದಲ್ಲೇ ಅದನ್ನು ಆನ್‌ಲೈನ್‌ನಲ್ಲಿ ತೆಗೆದು ಮುದ್ರಿಸಿಟ್ಟುಕೊಳ್ಳಿ. ಹೆಚ್ಚು ದಿನ ಬೇಕಾದರೆ ಅವಧಿ ಮುಗಿಯುವ ಮೊದಲೇ ಐ-539 ಅರ್ಜಿ ಹಾಕಬೇಕು. ಅವಧಿ ಮೀರಿ ಉಳಿದರೆ ಕೈಯಲ್ಲಿರುವ ವೀಸಾ 222(ಜಿ) ಕಲಮಿನಡಿ ರದ್ದಾಗುತ್ತದೆ. ಅನುಮತಿಯಿಲ್ಲದ ವಾಸ 180 ದಿನ ದಾಟಿ ಹೊರಬಂದವರಿಗೆ ಮೂರು ವರ್ಷ, ಒಂದು ವರ್ಷ ತಲುಪಿದವರಿಗೆ ಹತ್ತು ವರ್ಷ ಪ್ರವೇಶವಿಲ್ಲ.

ಹತ್ತು ವರ್ಷದ ವೀಸಾ ಇರುವ ಚೀನೀ ಪಾಸ್‌ಪೋರ್ಟ್‌ದಾರರಿಗೆ ಮಾತ್ರ ಇರುವ ಇನ್ನೊಂದು ಕಟ್ಟಳೆ ಇವಸ್ ಎಂಬ ಆನ್‌ಲೈನ್ ನೋಂದಣಿ. 2016ರ ನವೆಂಬರ್‌ನಿಂದ ಇದು ಕಡ್ಡಾಯ. ಎರಡು ವರ್ಷಕ್ಕೊಮ್ಮೆ, ಹೊಸ ಪಾಸ್‌ಪೋರ್ಟ್ ಪಡೆದಾಗ ಮತ್ತೊಮ್ಮೆ ಮಾಡಿಸಬೇಕು. ಮಾಡಿಸದವರನ್ನು ವಿಮಾನ ಹತ್ತಿಸಿಕೊಳ್ಳುವುದಿಲ್ಲ. ಮೊದಲು ಉಚಿತವಾಗಿದ್ದ ಇದಕ್ಕೆ 2025ರ ಕಾನೂನು ಶುಲ್ಕ ಹಾಕಿದೆ. ಮಕ್ಕಳು ಹೆತ್ತವರ ಪರವಾಗಿ ತುಂಬಬಹುದು. ಅಮೆರಿಕದ ಗಡಿ ರಕ್ಷಣಾ ಇಲಾಖೆಯ ಅಧಿಕೃತ ತಾಣದಲ್ಲೇ ತುಂಬಿ.

ಕೆನಡಾ ಇದೇ ಸಮಸ್ಯೆಯನ್ನು ಬೇರೆ ರೀತಿಯಲ್ಲಿ ಬಿಡಿಸಿದೆ. 2011ರ ಡಿಸೆಂಬರ್‌ನಲ್ಲಿ ಆರಂಭವಾದ ಸೂಪರ್ ವೀಸಾದಲ್ಲಿ ಹೊಣೆಯ ದೊಡ್ಡ ಪಾಲು ಮಕ್ಕಳ ಅಥವಾ ಮೊಮ್ಮಕ್ಕಳ ಹೆಗಲಿಗೆ ಬಂದಿದೆ. ಅವರು ಕೆನಡಾದ ಪ್ರಜೆಗಳೋ ಕಾಯಂ ನಿವಾಸಿಗಳೋ ಆಗಿರಬೇಕು. ಬರಲಿರುವ ಹಿರಿಯರನ್ನೂ ಸೇರಿಸಿ ಲೆಕ್ಕ ಹಾಕಿದ ಕುಟುಂಬಕ್ಕೆ ನಿಗದಿಯಾದ ಕನಿಷ್ಠ ಆದಾಯ ತೋರಿಸಬೇಕು. ಸಹಿ ಮಾಡಿದ ಆಹ್ವಾನ ಪತ್ರ ಕೊಡಬೇಕು. ಅಮೆರಿಕದ ಕಿಟಕಿಯಲ್ಲಿ ಬೆಲೆಯಿಲ್ಲದ ಮಗನ ತೆರಿಗೆ ದಾಖಲೆಗೆ ಇಲ್ಲಿ ಜೀವ ಬರುತ್ತದೆ. ಹಿರಿಯರಿಗೆ ವೈದ್ಯಕೀಯ ತಪಾಸಣೆ, ಕನಿಷ್ಠ ಒಂದು ವರ್ಷದ, ಒಂದು ಲಕ್ಷ ಕೆನಡಿಯನ್ ಡಾಲರ್ ಮೊತ್ತದ ಆರೋಗ್ಯ ವಿಮೆ ಕಡ್ಡಾಯ. 2022ರ ಜುಲೈ 4ರಿಂದ ಒಂದು ಭೇಟಿಯಲ್ಲೇ ಐದು ವರ್ಷದವರೆಗೆ ಇರಬಹುದು. ಅಲ್ಲಿಯ ವಲಸೆ ಕಾಯ್ದೆಯ 22(2) ಕಲಂ ಇನ್ನೂ ಉದಾರ: ಮುಂದೆ ಕಾಯಂ ನೆಲೆಸುವ ಆಸೆಯಿದೆ ಎಂಬ ಕಾರಣವೊಂದರಿಂದಲೇ, ಅವಧಿ ಮುಗಿದಾಗ ಹೊರಡಲು ಸಿದ್ಧರಿರುವವರನ್ನು ತಡೆಯುವಂತಿಲ್ಲ. ಹೆತ್ತವರ ಹಂಬಲವನ್ನು ಅಪರಾಧವೆಂದು ಎಣಿಸದ ಈ ಕಾನೂನು ನನಗೆ ಹೆಚ್ಚು ಮಾನವೀಯವಾಗಿ ಕಾಣುತ್ತದೆ.

ಯುರೋಪಿನಲ್ಲಿ ಹೊಣೆ ಸರ್ಕಾರದ ಕಡೆಗೇ ವಾಲುವ ಒಂದು ಸಂದರ್ಭವಿದೆ, ಹೆಚ್ಚಿನವರಿಗೆ ಗೊತ್ತಿಲ್ಲ. ವೆನ್‌ಝೌ, ಚಿಂಗ್‌ಟಿಯಾನ್ ಕಡೆಯ ಕುಟುಂಬಗಳು ಇಟಲಿ, ಸ್ಪೇನ್‌ಗಳಲ್ಲಿ ದೊಡ್ಡ ಸಂಖ್ಯೆಯಲ್ಲಿವೆ. ಅಂಥ ಕುಟುಂಬದ ಒಬ್ಬಾಕೆ ಇಟಲಿಯ ಪ್ರಜೆಯನ್ನು ಮದುವೆಯಾಗಿ ಇಬ್ಬರೂ ಜರ್ಮನಿಯಲ್ಲಿ ವಾಸವಿದ್ದಾರೆ ಎನ್ನಿ. ಪ್ರಜೆ ತನ್ನ ದೇಶ ಬಿಟ್ಟು ಐರೋಪ್ಯ ಒಕ್ಕೂಟದ ಇನ್ನೊಂದು ದೇಶದಲ್ಲಿರುವುದರಿಂದ ಒಕ್ಕೂಟದ 2004/38 ನಿರ್ದೇಶನ ಅನ್ವಯಿಸುತ್ತದೆ. ಆಕೆಯ ತಂದೆ-ತಾಯಿ ಇವರನ್ನೇ ಅವಲಂಬಿಸಿದ್ದರೆ ವೀಸಾವನ್ನು ಉಚಿತವಾಗಿ, ತ್ವರಿತವಾಗಿ ಕೊಡಬೇಕು. ಸಂಬಂಧಕ್ಕೂ ಅವಲಂಬನೆಗೂ ಪುರಾವೆ ಬೇಕು, ಅದಕ್ಕೆ ಹಣ ಕಳಿಸಿದ ಬ್ಯಾಂಕ್ ದಾಖಲೆಗಳನ್ನು ಕಾಪಾಡಿಕೊಳ್ಳಿ. ಸಾಮಾನ್ಯ ಷೆಂಗೆನ್ ವೀಸಾದಲ್ಲಿ ಹೋಗುವವರಿಗೆ 90 ಯೂರೊ ಶುಲ್ಕ, 30,000 ಯೂರೊ ವಿಮೆ. ಇರಲು ಸಿಗುವುದು 180 ದಿನಗಳಲ್ಲಿ 90 ದಿನ.

ನಿರಾಕರಿಸಿದರೆ ಏನು ಮಾಡಬೇಕೆಂಬುದು ದೇಶದಿಂದ ದೇಶಕ್ಕೆ ಬೇರೆ. ಷೆಂಗೆನ್ ದೇಶಗಳು ಕಾರಣ ಬರೆದು ಕೊಡಲೇಬೇಕು, ಮೇಲ್ಮನವಿಯ ಹಕ್ಕೂ ಇದೆ. ಬ್ರಿಟನ್ ಮಾತ್ರ ಕುಟುಂಬ ಭೇಟಿಯವರ ಮೇಲ್ಮನವಿ ಹಕ್ಕನ್ನು 2013ರ ಜೂನ್ 25ರಂದು ಕಿತ್ತುಕೊಂಡಿತು. ಮಾನವ ಹಕ್ಕಿನ ನೆಲೆಯೊಂದು ಉಳಿದಿದೆ. ಆಸ್ಟ್ರೇಲಿಯಾದಲ್ಲಿ ಪ್ರಜೆಯೋ ಕಾಯಂ ನಿವಾಸಿಯೋ ಆದ ಮಗ ಅಥವಾ ಮಗಳೇ ಆಡಳಿತ ಮರುಪರಿಶೀಲನಾ ನ್ಯಾಯಮಂಡಳಿಗೆ ಹೋಗಬಹುದು. ಕೆನಡಾದಲ್ಲಿ, ನಿರಾಕರಣೆ ತಿಳಿದ 60 ದಿನಗಳೊಳಗೆ ಫೆಡರಲ್ ಕೋರ್ಟಿನ ಅನುಮತಿ ಕೇಳಬೇಕು. ಕೋರ್ಟು ವೀಸಾ ಕೊಡುವುದಿಲ್ಲ. ಅಧಿಕಾರಿಯ ತೀರ್ಮಾನಕ್ಕೆ ಸರಿಯಾದ ಕಾರಣವಿಲ್ಲದಿದ್ದರೆ ಬೇರೊಬ್ಬ ಅಧಿಕಾರಿಗೆ ಮರಳಿಸುತ್ತದೆ. ಅಧಿಕಾರಿಯ ಟಿಪ್ಪಣಿಯನ್ನು ಮಾಹಿತಿ ಕಾಯ್ದೆಯಡಿ, ಕೆನಡಾದಲ್ಲಿರುವ ಮಕ್ಕಳು ಹೆತ್ತವರ ಒಪ್ಪಿಗೆಯೊಡನೆ ಐದು ಡಾಲರ್ ಕಟ್ಟಿ ಪಡೆಯಬಹುದು.

ಅಮೆರಿಕದಲ್ಲಿ ಹೊಸ ಅರ್ಜಿಯೊಂದೇ ದಾರಿ. ಎಷ್ಟು ದಿನ ಕಾಯಬೇಕೆಂಬ ಮಿತಿ ಇಲ್ಲ, ಆದರೆ ಏನೂ ಬದಲಾಗದೆ ಮತ್ತೆ ನಿಂತರೆ ಅದೇ ಉತ್ತರ ಬರುವ ಸಾಧ್ಯತೆ ಹೆಚ್ಚು. ಬದಲಾದದ್ದೇನು, ಮೊದಲ ಸಲ ಹೇಳದೆ ಉಳಿದದ್ದೇನು ಎಂದು ಹಿರಿಯರ ಜೊತೆ ಕೂತು ಗುರುತು ಹಾಕಿಕೊಳ್ಳಿ. ಹೊಸ ಡಿಎಸ್-160ರಲ್ಲಿ, ಹಿಂದೆ ವೀಸಾ ನಿರಾಕರಿಸಲಾಗಿದೆಯೇ ಎಂಬ ಪ್ರಶ್ನೆಗೆ 'ಹೌದು' ಎಂದು ಗುರುತಿಸಿ, ಯಾವಾಗ, ಯಾವ ಕಚೇರಿಯಲ್ಲಿ, ಯಾವ ಕಲಮಿನಡಿ ಎಂಬುದನ್ನು ಹಳೆಯ ಪತ್ರ ನೋಡಿಕೊಂಡೇ ಬರೆಯಿರಿ.