ಹಣ್ಣಿನ ಹಪ್ಪಳ: ಮನೆಯಲ್ಲಿ ಒಣಗಿಸುವ ಕ್ರಮ ಮತ್ತು ಆರೋಗ್ಯದ ಎಚ್ಚರ

ಹಾವೇರಿ ಜಿಲ್ಲೆಯ ಜನರಿಗೆ ಒಣಗಿಸುವ ವಿದ್ಯೆ ಹೊಸದಲ್ಲ. ಬ್ಯಾಡಗಿ ಮೆಣಸಿನಕಾಯಿಯ ಕೀರ್ತಿ ನಿಂತಿರುವುದೇ ಅದನ್ನು ಒಣಗಿಸುವ ಎಚ್ಚರಿಕೆಯ ಮೇಲೆ. 2011ರಲ್ಲಿ ಭೌಗೋಳಿಕ ಸೂಚಕದ ಮಾನ್ಯತೆ ಪಡೆದ ಈ ಕಾಯಿ ಗಾಢ ಕೆಂಪು ಬಣ್ಣಕ್ಕೂ ಹಿತವಾದ ಖಾರಕ್ಕೂ ಹೆಸರಾಗಿದೆ. ತೇವ ಉಳಿದ ಕಾಯಿಗೆ ಬೂಷ್ಟು ತಗಲುವುದೆಂಬುದನ್ನು ನಮ್ಮ ರೈತರು ಅನುಭವದಿಂದ ಬಲ್ಲರು. ಆದರೂ ಮಾವಿನ ಸುಗ್ಗಿಯಲ್ಲಿ ಹಾನಗಲ್ಲು ಮತ್ತು ಶಿಗ್ಗಾಂವಿ ಭಾಗದ ತೋಟಗಳಿಂದ ಬಂದ ಹಣ್ಣು ಎಷ್ಟೋ ಮನೆಗಳಲ್ಲಿ ತಿಂದು ಮುಗಿಯುವ ಮೊದಲೇ ಕೊಳೆತು ತಿಪ್ಪೆ ಸೇರುತ್ತದೆ. ಸೀಕರಣೆ ಮಾಡಿ ಉಂಡ ಮೇಲೂ ಉಳಿಯುವ ಹಣ್ಣನ್ನು ಕೆಡದಂತೆ ಕಾಯುವ ಸುಲಭ ಉಪಾಯವೇ ಹಣ್ಣಿನ ಹಪ್ಪಳ. ಕರಾವಳಿಯವರು ಇದನ್ನು ಮಾಂಬಳವೆಂದೂ, ಮಹಾರಾಷ್ಟ್ರದವರು ಆಂಬಾ ಪೋಳಿಯೆಂದೂ, ಆಂಧ್ರದವರು ಮಾಮಿಡಿ ತಾಂಡ್ರವೆಂದೂ ಕರೆಯುತ್ತಾರೆ.

ಬಿಸಿಲಿಗಿಂತ ಯಂತ್ರವೇಕೆ?

ಮೆಣಸಿನಕಾಯಿ ಕಣಕ್ಕೆ ಬರುವುದು ಚಳಿಗಾಲ ಮತ್ತು ಬೇಸಿಗೆಯ ಆರಂಭದ ಒಣಹವೆಯಲ್ಲಿ. ಮಾವು ಮಾಗುವುದು ಏಪ್ರಿಲ್‌ನಿಂದ ಜೂನ್‌ವರೆಗೆ. ಆಗ ಬೆಳಿಗ್ಗೆ ಸುಡುಬಿಸಿಲಿದ್ದರೂ ಸಂಜೆಗೆ ಮೋಡ ಕವಿದು ಅಡ್ಡಮಳೆ ಸುರಿಯುವುದುಂಟು. ಮೆಣಸಿನಕಾಯಿಯನ್ನು ರಾಶಿ ಮಾಡಿ ಮುಚ್ಚಬಹುದು. ತಟ್ಟೆಯಲ್ಲಿ ಹರಡಿದ ಹಣ್ಣಿನ ರಸವನ್ನು ಹಾಗೆ ಮುಚ್ಚಿಡಲು ಬಾರದು. ಅಲ್ಲದೆ ಅಂಟಾದ ಸಿಹಿ ರಸಕ್ಕೆ ನೊಣ, ಇರುವೆ, ಧೂಳು ಮುತ್ತುತ್ತವೆ. ಒಮ್ಮೆ ಅಂಟಿದ ಧೂಳನ್ನು ತೊಳೆದು ತೆಗೆಯಲಾಗದು. ಮಾಳಿಗೆಯ ಮೇಲೆ ಎರಡು ಮೂರು ದಿನ ಒಣಗುವಷ್ಟರಲ್ಲಿ ರಸ ಹುಳಿಯುವ ಭಯವೂ ಇದೆ.

ಡ್ರೈಯರ್ ಎಂದು ಕರೆಯುವ ವಿದ್ಯುತ್ ಯಂತ್ರದಲ್ಲಿ ಬಿಸಿ ಮಾಡುವ ಸುರುಳಿ, ಗಾಳಿ ಬೀಸುವ ಫ್ಯಾನು ಮತ್ತು ತಟ್ಟೆಗಳ ಸಾಲು ಇರುತ್ತವೆ. ಹದವಾದ ಬಿಸಿಗಾಳಿ ಸತತವಾಗಿ ಹರಿದು ನೀರಿನಂಶವನ್ನು ಹೊರಕ್ಕೆ ಒಯ್ಯುತ್ತದೆ. ಮೂರು ದಿನದ ಕೆಲಸ ಒಂದೇ ಹಗಲಿನಲ್ಲಿ ಮುಗಿಯುತ್ತದೆ. 500 ವ್ಯಾಟ್‌ನ ಯಂತ್ರವು 8 ಗಂಟೆ ಎಡೆಬಿಡದೆ ಉರಿದರೆ 4 ಯೂನಿಟ್ ವಿದ್ಯುತ್ ಬೇಕು. ಹಣ್ಣಿನ ಹಳದಿ ಬಣ್ಣಕ್ಕೆ ಕಾರಣವಾದ, ದೇಹದಲ್ಲಿ ಎ ಜೀವಸತ್ವವಾಗಿ ಮಾರ್ಪಡುವ ಕ್ಯಾರೊಟಿನ್ ಅಂಶವು ನೇರ ಬಿಸಿಲಿಗೆ ನಶಿಸುತ್ತದೆ. ನೆರಳಿನಲ್ಲಿ ಒಣಗಿಸುವ ಯಂತ್ರದಲ್ಲಿ ಅದು ಹೆಚ್ಚು ಉಳಿಯುತ್ತದೆ.

ಹಣ್ಣಿನ ಆಯ್ಕೆ

ಒಣಗಿಸುವುದರಿಂದ ಕೆಟ್ಟ ಹಣ್ಣು ಒಳ್ಳೆಯದಾಗದು. ನೀರು ಹೋದಂತೆ ಗುಣವೂ ದೋಷವೂ ಒಟ್ಟಿಗೆ ಸಾಂದ್ರವಾಗುತ್ತವೆ. ಆದ್ದರಿಂದ ಪೂರ್ಣ ಮಾಗಿದ, ಆದರೆ ಕೊಳೆಯದ ಹಣ್ಣನ್ನೇ ಆರಿಸಿಕೊಳ್ಳಬೇಕು. ಬಿದ್ದು ಜಜ್ಜಿದ ಹಣ್ಣಾದರೆ ಪೆಟ್ಟಾದ ಭಾಗವನ್ನು ಸುತ್ತಲಿನ ತಿರುಳಿನೊಡನೆ ಧಾರಾಳವಾಗಿ ಕತ್ತರಿಸಿ ತೆಗೆಯಬೇಕು. ಬೂಷ್ಟು ಕಂಡರೆ ಅಥವಾ ಹುಳಿತ ವಾಸನೆ ಬಂದರೆ ಆ ಹಣ್ಣನ್ನೇ ಬಿಡಬೇಕು. ಕ್ಯಾಲ್ಸಿಯಂ ಕಾರ್ಬೈಡ್ ಇಟ್ಟು ಹಣ್ಣು ಮಾಗಿಸುವುದನ್ನು ಆಹಾರ ಸುರಕ್ಷತಾ ನಿಯಮಗಳು ನಿಷೇಧಿಸಿವೆ. ಹುಲ್ಲಿನಲ್ಲಿ ಅಡೆ ಹಾಕಿದ ಮನೆಯ ಹಣ್ಣು ದೊರೆತರೆ ಅದೇ ಉತ್ತಮ.

ಆಪೂಸು ಮಾತ್ರವಲ್ಲ, ನಾರಿರುವ ನಾಟಿ ಮಾವೂ ಆಗುತ್ತದೆ. ಪೇರಲ, ಪಪ್ಪಾಯಿ, ಬಾಳೆ, ಚಿಕ್ಕು ಹಣ್ಣುಗಳಿಂದಲೂ ಹಪ್ಪಳ ಮಾಡಬಹುದು. ಹುಳಿ ಕಡಿಮೆಯಿರುವ ಬಾಳೆ, ಪಪ್ಪಾಯಿ, ಚಿಕ್ಕುಗಳಿಗೆ ನಿಂಬೆರಸ ಸೇರಿಸಲೇಬೇಕು. ಹುಳಿಯು ಬಣ್ಣ ಕಪ್ಪಾಗುವುದನ್ನು ತಡೆಯುವುದಲ್ಲದೆ ರೋಗಾಣುಗಳ ಬೆಳವಣಿಗೆಯನ್ನೂ ಕುಂದಿಸುತ್ತದೆ.

ತಯಾರಿಸುವ ವಿಧಾನ

1. ಕೈ, ಪಾತ್ರೆ ಮತ್ತು ಹಣ್ಣುಗಳನ್ನು ಚೆನ್ನಾಗಿ ತೊಳೆಯಿರಿ. ಸಿಪ್ಪೆ, ಗೊರಟೆ ತೆಗೆದು ತಿರುಳನ್ನು ನುಣ್ಣಗೆ ರುಬ್ಬಿರಿ. ತೀರ ನಾರಿದ್ದರೆ ಮಾತ್ರ ಸೋಸಿರಿ. ಸೋಸಿದಷ್ಟೂ ನಾರಿನಂಶ ನಷ್ಟವಾಗುತ್ತದೆ.

2. ರುಬ್ಬಿದ ತಿರುಳನ್ನು ತೂಕ ಮಾಡಿ ಬರೆದಿಡಿ. 1 ಕಿಲೋಗ್ರಾಂ ತಿರುಳಿಗೆ 4 ಚಹಾ ಚಮಚ ನಿಂಬೆರಸ ಸಾಕು. ಹುಳಿಮಾವಿಗೆ ಇದು ಬೇಡ. ಏಲಕ್ಕಿ ಮಾಲೆಗೆ ಹೆಸರಾದ ಹಾವೇರಿಯವರು ಒಂದು ಚಿಟಿಕೆ ಏಲಕ್ಕಿ ಪುಡಿ ಸೇರಿಸಿದರೆ ಶೋಭಿಸುತ್ತದೆ. ಸಕ್ಕರೆ ಅನಗತ್ಯ.

3. ಕುದಿಯುವ ನೀರಿನ ಪಾತ್ರೆಯ ಮೇಲೆ ತಿರುಳಿನ ಪಾತ್ರೆಯಿಟ್ಟು 15ರಿಂದ 20 ನಿಮಿಷ ಕೈಯಾಡಿಸುತ್ತ ಬಿಸಿ ಮಾಡಿ, ಆರಲು ಬಿಡಿ. ಇದರಿಂದ ರೋಗಾಣುಗಳು ನಶಿಸುತ್ತವೆ, ಬಣ್ಣವೂ ಉಳಿಯುತ್ತದೆ. ತಿರುಳಿನ ಎಲ್ಲ ಭಾಗವೂ 71 ಡಿಗ್ರಿ ಸೆಲ್ಸಿಯಸ್ ದಾಟಬೇಕು.

4. ಯಂತ್ರದೊಡನೆ ಬರುವ ರಂಧ್ರವಿಲ್ಲದ ಹಾಳೆಗೆ ತುಪ್ಪವನ್ನು ಕಂಡೂ ಕಾಣದಷ್ಟು ಸವರಿ, ತಿರುಳನ್ನು ಸುಮಾರು 3 ಮಿಲಿಮೀಟರ್ ದಪ್ಪಕ್ಕೆ ಹರಡಿರಿ. ಅಂಚು ಬೇಗ ಒಣಗುವುದರಿಂದ ಅಲ್ಲಿ ತುಸು ದಪ್ಪವಿರಲಿ. 1 ಕಿಲೋಗ್ರಾಂ ತಿರುಳು ಒಂದು ಅಡಿ ಉದ್ದಗಲದ ಮೂರು ನಾಲ್ಕು ತಟ್ಟೆಗಳಿಗೆ ಸಾಕಾಗುತ್ತದೆ.

5. ಯಂತ್ರದ ಉಷ್ಣತೆಯನ್ನು 60 ಡಿಗ್ರಿಗೆ ಇರಿಸಿ. ಸಾಮಾನ್ಯವಾಗಿ 6ರಿಂದ 10 ಗಂಟೆ ಬೇಕು. ಮಳೆಗಾಲದ ತೇವದ ಹವೆಯಲ್ಲಿ ಇನ್ನೂ ಹೆಚ್ಚು. ಬೇಗ ಮುಗಿಯಲೆಂದು ಉಷ್ಣತೆ ಏರಿಸಬಾರದು. ಏರಿಸಿದರೆ ಮೇಲ್ಪದರ ಮಾತ್ರ ಗಟ್ಟಿಯಾಗಿ, ಒಳಗಿನ ತೇವ ಅಲ್ಲಿಯೇ ಸೆರೆಯಾಗುತ್ತದೆ. ಹೊರಗೆ ಒಣಗಿದಂತೆ ಕಾಣುವ ಇಂಥ ಹಪ್ಪಳಕ್ಕೇ ಮುಂದೆ ಬೂಷ್ಟು ಬರುತ್ತದೆ.

ಮೆಣಸಿನಕಾಯಿ ಒಣಗಿಸಿದ ಯಂತ್ರದಲ್ಲಿ ಹಣ್ಣನ್ನು ಒಣಗಿಸುವುದಿದ್ದರೆ ತಟ್ಟೆಗಳನ್ನು ಸೋಪಿನಿಂದ ತೊಳೆದು ಒರೆಸಬೇಕು. ಎರಡನ್ನೂ ಒಟ್ಟಿಗೆ ಎಂದೂ ಇಡಬಾರದು. ಘಾಟು ಹಣ್ಣಿಗೆ ಹತ್ತುತ್ತದೆ.

ಒಣಗಿದೆಯೆಂದು ತಿಳಿಯುವ ಬಗೆ

ಮೆಣಸಿನಕಾಯಿಯನ್ನು ಅಲುಗಿಸಿದಾಗ ಒಳಗಿನ ಬೀಜ ಸಪ್ಪಳ ಮಾಡಿದರೆ ಒಣಗಿತೆಂದು ಅರ್ಥ. ಹಣ್ಣಿನ ಹಪ್ಪಳಕ್ಕೆ ಪರೀಕ್ಷೆ ಬೇರೆ. ಅದು ಮುರಿಯಬಾರದು, ಸುರುಳಿ ಸುತ್ತಲು ಬರುವಷ್ಟು ಮೆದುವಾಗಿರಬೇಕು. ನಡುಭಾಗವನ್ನು ಬೆರಳಿನಿಂದ ಒತ್ತಿದಾಗ ಗುರುತು ಉಳಿಯಬಾರದು, ಬೆರಳಿಗೆ ರಸ ಹತ್ತಬಾರದು.

ಇದಕ್ಕಿಂತ ನಂಬಲರ್ಹವಾದುದು ತಕ್ಕಡಿ. ಮಾವಿನ ತಿರುಳಿನ 100 ಭಾಗಗಳಲ್ಲಿ ಸುಮಾರು 82 ಭಾಗ ನೀರೇ. ಸಕ್ಕರೆ ಹಾಕದ 1 ಕಿಲೋಗ್ರಾಂ ತಿರುಳು ಸರಿಯಾಗಿ ಒಣಗಿದಾಗ 200ರಿಂದ 220 ಗ್ರಾಂಗೆ ಇಳಿಯಬೇಕು. 300 ಗ್ರಾಂ ತೂಗಿದರೆ ಇನ್ನೂ ತೇವವಿದೆಯೆಂದು ತಿಳಿದು ಮರಳಿ ಯಂತ್ರದಲ್ಲಿಡಬೇಕು.

ಶೇಖರಣೆ

ಪೂರ್ಣ ಆರಿದ ಬಳಿಕವೇ ಬಟರ್ ಪೇಪರಿನೊಡನೆ ಸುರುಳಿ ಸುತ್ತಿ ಗಾಳಿಯಾಡದ ಡಬ್ಬಿಯಲ್ಲಿಡಿ. ಮರುದಿನ ಡಬ್ಬಿಯ ಒಳಗೋಡೆಯಲ್ಲಿ ನೀರಿನ ಹನಿ ಕಂಡರೆ ಮತ್ತೆ ಒಣಗಿಸಿ. ತಂಪಾದ ಕತ್ತಲೆಯ ಜಾಗದಲ್ಲಿ ಒಂದು ತಿಂಗಳು ಬಾಳುತ್ತದೆ. ಹೆಚ್ಚು ಕಾಲ ಬೇಕಾದರೆ ಫ್ರಿಜ್ಜಿನಲ್ಲಿಡಿ. ಒಂದು ಮೂಲೆಯಲ್ಲಿ ಬೂಷ್ಟು ಕಂಡರೂ ಆ ಸುರುಳಿಯನ್ನು ಪೂರ್ತಿ ಎಸೆಯಬೇಕು. ಅನ್ನವನ್ನು ಚೆಲ್ಲಬಾರದೆಂಬ ನಮ್ಮ ಹಿರಿಯರ ನಡೆ ದೊಡ್ಡದು. ಆದರೆ ಬೂಷ್ಟು ಕೆರೆದು ಉಳಿದುದನ್ನು ತಿನ್ನುವುದು ಮಿತವ್ಯಯವಲ್ಲ. ಕೆಲವು ಬೂಷ್ಟುಗಳ ವಿಷ ಕಣ್ಣಿಗೆ ಕಾಣದೆ ಒಳಗೆ ಹರಡಿರುತ್ತದೆ. ಮೆಣಸಿನಕಾಯಿ, ಶೇಂಗಾಗಳಲ್ಲಿ ಯಕೃತ್ತಿಗೆ ಹಾನಿ ಮಾಡುವ ಅಫ್ಲಾಟಾಕ್ಸಿನ್ ಹುಟ್ಟುವುದೂ ಬೂಷ್ಟಿನಿಂದಲೇ.

ಯಾರು, ಎಷ್ಟು ತಿನ್ನಬೇಕು?

ಸಕ್ಕರೆ ಹಾಕಿಲ್ಲವೆಂದ ಮಾತ್ರಕ್ಕೆ ಮಧುಮೇಹಿಗಳು ಯಥೇಚ್ಛವಾಗಿ ತಿನ್ನಬಹುದೆಂದು ಭಾವಿಸುವುದು ಅಪಾಯಕರ. ನೀರು ಹೋದರೂ ಹಣ್ಣಿನ ಸಕ್ಕರೆ ಹೋಗದು. 100 ಗ್ರಾಂ ಹಪ್ಪಳವೆಂದರೆ ಅರ್ಧ ಕಿಲೋಗ್ರಾಮಿನಷ್ಟು ಮಾವಿನ ತಿರುಳು. 10 ಗ್ರಾಂನ ಸಣ್ಣ ತುಂಡಿನಲ್ಲಿಯೇ ಸುಮಾರು ಒಂದೂವರೆ ಚಹಾ ಚಮಚದಷ್ಟು ಸಕ್ಕರೆಯಿರುತ್ತದೆ. ಇಡೀ ಹಣ್ಣು ತಿಂದಾಗ ಹೊಟ್ಟೆ ತುಂಬಿದ ಅರಿವಾಗುತ್ತದೆ, ಹಪ್ಪಳ ತಿಂದಾಗ ಆಗುವುದಿಲ್ಲ. ಮಧುಮೇಹಿಗಳೂ ಮೂತ್ರಪಿಂಡದ ಕಾಯಿಲೆಯವರೂ ವೈದ್ಯರನ್ನು ಕೇಳಿಯೇ ತಿನ್ನಬೇಕು. ಮೂತ್ರಪಿಂಡ ಕುಂದಿದವರಿಗೆ ಹಣ್ಣಿನ ಪೊಟ್ಯಾಶಿಯಂ ಹೊರೆಯಾಗಬಹುದು.

ಮಕ್ಕಳಿಗೆ ಅಂಗಡಿಯ ಬಣ್ಣದ ಮಿಠಾಯಿಗಿಂತ ಇದು ಮೇಲು, ಹಣ್ಣಿನ ನಾರು ಉಳಿದಿರುತ್ತದೆ. ಆದರೆ ಸಿ ಜೀವಸತ್ವ ಬಹುಮಟ್ಟಿಗೆ ಕಡಿಮೆಯಾಗುವುದರಿಂದ ಇದು ತಾಜಾ ಹಣ್ಣಿಗೆ ಬದಲಲ್ಲ. ಹಲ್ಲಿಗೆ ಅಂಟುವ ಕಾರಣ ತಿಂದೊಡನೆ ಬಾಯಿ ಮುಕ್ಕಳಿಸುವುದನ್ನು ಕಲಿಸಬೇಕು. ಎಳೆಯ ಮಕ್ಕಳ ಗಂಟಲಿಗೆ ಸಿಕ್ಕುವ ಭಯವಿರುವುದರಿಂದ ಸಣ್ಣ ಚೂರು ಮಾಡಿ, ಎದುರು ಕೂರಿಸಿಕೊಂಡು ಕೊಡಬೇಕು.

ಕಲಿಯಲು ಬಯಸುವವರಿಗೆ

ಒಂದು ಮನೆಗೆ ಯಂತ್ರ ಕೊಳ್ಳುವುದು ಭಾರವೆನಿಸಿದರೆ ಓಣಿಯ ನಾಲ್ಕಾರು ತಾಯಂದಿರು ಅಥವಾ ಸ್ವಸಹಾಯ ಸಂಘದವರು ಕೂಡಿ ಒಂದನ್ನು ಕೊಳ್ಳಬಹುದು. ರಾಣೇಬೆನ್ನೂರು ತಾಲೂಕಿನ ಹನುಮನಮಟ್ಟಿಯಲ್ಲಿ ಕೃಷಿ ವಿಜ್ಞಾನ ಕೇಂದ್ರವೂ, ಹಾವೇರಿ ಸಮೀಪದ ದೇವಿಹೊಸೂರಿನಲ್ಲಿ ತೋಟಗಾರಿಕಾ ಎಂಜಿನಿಯರಿಂಗ್ ಮತ್ತು ಆಹಾರ ತಂತ್ರಜ್ಞಾನ ಮಹಾವಿದ್ಯಾಲಯವೂ ಇವೆ. ಅಲ್ಲಿಯ ತಜ್ಞರನ್ನು ವಿಚಾರಿಸಿ ಮುಂದುವರಿಯುವುದು ಲೇಸು. ಮಾರಾಟದ ಉದ್ದೇಶವಿದ್ದರೆ ಆಹಾರ ಸುರಕ್ಷತಾ ನೋಂದಣಿ ಕಡ್ಡಾಯ.

ಈ ಸುಗ್ಗಿಯಲ್ಲಿ ಮೊದಲು ಅರ್ಧ ಕಿಲೋಗ್ರಾಂ ತಿರುಳಿನಿಂದ ಪ್ರಯತ್ನಿಸಿ ನೋಡಿರಿ. ಶುಚಿಯಾದ ಹಣ್ಣು, ಹದವಾದ ಬಿಸಿ, ತಕ್ಕಡಿಯ ಸಾಕ್ಷಿ, ಮಿತವಾದ ಸೇವನೆ, ಈ ನಾಲ್ಕನ್ನು ಪಾಲಿಸಿದರೆ ಮಾವಿನ ಸವಿ ಮಳೆಗಾಲದಲ್ಲಿಯೂ ಮನೆಯಲ್ಲಿರುತ್ತದೆ, ಆರೋಗ್ಯಕ್ಕೂ ಕುಂದುಂಟಾಗದು.