ಇಲ್ಲೇ ಬಗೆಹರಿಸಿಕೊಳ್ಳುವ ಮೊದಲು

ಹನೂರಿನಿಂದ ರಾಮಾಪುರಕ್ಕೆ ಹೋಗುವ ದಾರಿಯಲ್ಲಿ ಅಜ್ಜೀಪುರ ಸಿಗುತ್ತದೆ. ರಾಮಾಪುರದಿಂದ ಮುಂದೆ ಗರಿಕೆಕಂಡಿ ಚೆಕ್‌ಪೋಸ್ಟ್ ದಾಟಿದರೆ ತಮಿಳುನಾಡಿನ ಬರಗೂರು ಬೆಟ್ಟ, ಅಂದಿಯೂರು. ಘಾಟಿಯ ತಿರುವುಗಳ ಆಸೆಗೆ ಬೆಂಗಳೂರು, ಮೈಸೂರಿನ ಹೊಸ ಟೂರಿಂಗ್ ಬೈಕುಗಳು ಈ ಕಡೆ ಬರುತ್ತವೆ. ಅದೇ ರಸ್ತೆಯಲ್ಲಿ ಕಬ್ಬಿನ ಟ್ರ್ಯಾಕ್ಟರ್, ಕುರಿಮಂದೆ, ಸುಗ್ಗಿಯಲ್ಲಿ ಒಕ್ಕಣೆಗೆ ಹರಡಿದ ಹುರುಳಿ. ಡಿಕ್ಕಿಯಾಯಿತೆನ್ನಿ, ಜನ ಸೇರಿದ ಎರಡೇ ನಿಮಿಷಕ್ಕೆ ಒಂದು ದನಿ ಏಳುತ್ತದೆ: "ಸ್ಟೇಷನ್ನು ಕೋರ್ಟು ಅಂತ ಯಾಕೆ ಅಲೀತೀರಿ, ಇಲ್ಲೇ ಬಗೆಹರಿಸ್ಕಳಿ."

ಹೇಳುವವರ ಮನಸ್ಸು ಒಳ್ಳೆಯದೇ. ಆದರೆ ಗಾಯಾಳುವಿಗೂ ಸವಾರನಿಗೂ ಇಷ್ಟು ದುಬಾರಿಯಾಗುವ ಸಲಹೆ ಇನ್ನೊಂದಿಲ್ಲ. ಮೋಟಾರು ವಾಹನ ಕಾಯ್ದೆಯ 134ನೇ ಕಲಮಿನ ಪ್ರಕಾರ ಗಾಯಾಳುವಿಗೆ ಚಿಕಿತ್ಸೆ ಕೊಡಿಸುವುದು, ತಡವೆಂದರೆ 24 ಗಂಟೆಯೊಳಗೆ ಪೊಲೀಸರಿಗೆ ತಿಳಿಸುವುದು, ವಿಮಾ ಕಂಪನಿಗೆ ಮಾಹಿತಿ ಕೊಡುವುದು ಸವಾರನ ಕರ್ತವ್ಯ. ಬಿಳಿ ಹಾಳೆಯ ಮೇಲಿನ ರಾಜಿಯಿಂದ ಇದ್ಯಾವುದೂ ತಪ್ಪುವುದಿಲ್ಲ. ಅಜಾಗರೂಕ ಚಾಲನೆಯ ಅಪರಾಧ, ಅಂದರೆ ಭಾರತೀಯ ನ್ಯಾಯ ಸಂಹಿತೆಯ 281ನೇ ಕಲಮು, ಪರಸ್ಪರ ರಾಜಿಯಲ್ಲಿ ಮುಗಿಯುವಂಥದ್ದೂ ಅಲ್ಲ. ಐದು ಸಾವಿರ ಪಡೆದು ಮನೆಗೆ ಹೋದ ರೈತನಿಗೆ ಮೂರನೇ ದಿನ ಸೊಂಟದ ಮೂಳೆ ಬಿರುಕು ಬಿಟ್ಟದ್ದು ತಿಳಿದರೆ ಕೈಯಲ್ಲಿ ಬೈಕಿನ ನಂಬರೂ ಇರುವುದಿಲ್ಲ.

ಆಸ್ಪತ್ರೆಯಲ್ಲಿ ಆಡುವ ಮೊದಲ ಮಾತಿನ ಬೆಲೆ ಬಹಳ ಜನಕ್ಕೆ ಗೊತ್ತಿಲ್ಲ. "ಏನಾಯ್ತು?" ಎಂದು ವೈದ್ಯರು ಕೇಳುತ್ತಾರೆ. ಪೊಲೀಸ್ ಗೊಡವೆ ಬೇಡವೆಂದು ಜೊತೆಗೆ ಬಂದವರು "ಜಾರಿ ಬಿದ್ದ" ಎನ್ನುತ್ತಾರೆ. ಆ ಎರಡು ಪದ ಕೇಸ್‌ಶೀಟಿನಲ್ಲಿ ಕೂತುಬಿಡುತ್ತವೆ. ಮುಂದೆ ಪರಿಹಾರ ಕೇಳಿದಾಗ ವಿಮಾ ಕಂಪನಿಯ ವಕೀಲರು ಮೊದಲು ತೆಗೆದು ತೋರಿಸುವುದು ಅದನ್ನೇ. ರಸ್ತೆ ಅಪಘಾತವಾಗಿದ್ದರೆ ಹಾಗೆಂದೇ ಹೇಳಿ, ಎದುರು ವಾಹನ ಯಾವುದೆಂದೂ ತಿಳಿಸಿ, ಎಂಎಲ್‌ಸಿ (ವೈದ್ಯಕೀಯ-ಕಾನೂನು ಪ್ರಕರಣ) ದಾಖಲಾಯಿತೇ ಎಂದು ವಿಚಾರಿಸಿ. ದೂರು ಕೊಡುವುದು ತಡವಾದ ಮಾತ್ರಕ್ಕೆ ಕ್ಲೇಮು ಬಿದ್ದುಹೋಗದು. ಚಿಕಿತ್ಸೆಯೇ ಮೊದಲೆಂಬುದನ್ನು ನ್ಯಾಯಾಲಯಗಳು ಒಪ್ಪಿವೆ. ಆದರೆ ಸುಳ್ಳು ಕಾರಣ ಬರೆಸಿದ್ದನ್ನು ತಿದ್ದಿಸುವುದು ಕಷ್ಟ.

ದುಡ್ಡಿಲ್ಲವೆಂದು ಹೆದರಬೇಕಿಲ್ಲ. 2025ರ ಮೇ ತಿಂಗಳಲ್ಲಿ ಜಾರಿಗೆ ಬಂದ ಕೇಂದ್ರದ ನಗದುರಹಿತ ಚಿಕಿತ್ಸಾ ಯೋಜನೆಯಲ್ಲಿ, ಪಟ್ಟಿಯಲ್ಲಿರುವ ಆಸ್ಪತ್ರೆಗಳಲ್ಲಿ ಅಪಘಾತದ ದಿನದಿಂದ 7 ದಿನದವರೆಗೆ ತಲಾ 1.5 ಲಕ್ಷ ರೂಪಾಯಿವರೆಗಿನ ಚಿಕಿತ್ಸೆಗೆ ಅವಕಾಶವಿದೆ. ಇಲ್ಲಿಯೂ ಅಪಘಾತವನ್ನು ಪೊಲೀಸರು ದೃಢಪಡಿಸಬೇಕು. ಗಾಯಾಳುವನ್ನು ಕರೆತಂದ ಊರಿನವರು ಹೆಸರು, ವಿಳಾಸ ಕೊಡಲೇಬೇಕೆಂದಿಲ್ಲ, ಕೊಡದೆ ಹೊರಟರೂ ತಡೆಯುವಂತಿಲ್ಲ. ಮೋಟಾರು ವಾಹನ ಕಾಯ್ದೆಯ 134ಎ ಕಲಮು ಅವರಿಗೆ ರಕ್ಷಣೆ ಕೊಡುತ್ತದೆ.

ಇನ್ನು ಹೊಸ ಬೈಕಿನವರಿಗೆ. ಶೋರೂಮಿನಲ್ಲಿ ಕ್ರ್ಯಾಶ್‌ಗಾರ್ಡು, ಪ್ಯಾನಿಯರ್ ಪೆಟ್ಟಿಗೆಗಳ ಬಗ್ಗೆ ಗಂಟೆಗಟ್ಟಲೆ ಮಾತಾಡುವವರು ಪಾಲಿಸಿಯ ಮೊದಲ ಪುಟವನ್ನೂ ಓದುವುದಿಲ್ಲ. 2018ರ ಸೆಪ್ಟೆಂಬರಿನಿಂದ ಹೊಸ ದ್ವಿಚಕ್ರ ವಾಹನಕ್ಕೆ ಮೂರನೇ ವ್ಯಕ್ತಿಯ ವಿಮೆ ಐದು ವರ್ಷಕ್ಕೆ ಕಡ್ಡಾಯ. ಬೈಕಿನ ಸ್ವಂತ ಹಾನಿಯ ವಿಮೆಯೂ ಮಾಲೀಕ-ಚಾಲಕನ 15 ಲಕ್ಷದ ವೈಯಕ್ತಿಕ ಅಪಘಾತ ವಿಮೆಯೂ ಬಹಳ ಸಲ ಒಂದೇ ವರ್ಷಕ್ಕಿರುತ್ತವೆ. "ಐದು ವರ್ಷ ಇನ್ಶೂರೆನ್ಸ್ ಇದೆ" ಎಂದು ನಂಬಿಕೊಂಡವನು ಎರಡನೇ ವರ್ಷ ಹುರುಳಿ ಒಕ್ಕಣೆಯ ಮೇಲೆ ಜಾರಿದರೆ ಕೈಗೆ ಏನೂ ಬಾರದು. ಅವಧಿ ಇದ್ದರೂ ಆ 15 ಲಕ್ಷ ಸಾವು ಮತ್ತು ಶಾಶ್ವತ ಅಂಗವೈಕಲ್ಯಕ್ಕೆ ಮಾತ್ರ. ಕಾಲು ಮುರಿದ ಬಿಲ್ಲಿಗಲ್ಲ. ರಸ್ತೆಗೆ ಬೆಳೆ ಹರಡಿ ಅಡ್ಡಿ ಮಾಡಿದ ರೈತನಿಗೂ ನ್ಯಾಯ ಸಂಹಿತೆಯ 285ನೇ ಕಲಮಿನಡಿ 5,000 ರೂಪಾಯಿವರೆಗೆ ದಂಡ ಬೀಳಬಹುದು.

ಹಿಂದೆ ಕೂತವರ ಸ್ಥಿತಿ ಇನ್ನೂ ನಾಜೂಕು. ಬರೀ ಮೂರನೇ ವ್ಯಕ್ತಿಯ ಪಾಲಿಸಿಯಿದ್ದರೆ, ನಿಮ್ಮದೇ ತಪ್ಪಿನಿಂದ ಹಿಂಬದಿ ಸವಾರರಿಗೆ ಪೆಟ್ಟಾದಾಗ ಕಂಪನಿ ಹೊಣೆಯಲ್ಲವೆಂದು 2006ರಲ್ಲೇ ಸುಪ್ರೀಂ ಕೋರ್ಟ್ ಹೇಳಿದೆ. ಸಮಗ್ರ ಪಾಲಿಸಿಯಲ್ಲಿ ಅವರಿಗೂ ರಕ್ಷಣೆಯಿದೆ. ಹೆಂಡತಿಯನ್ನೋ ಗೆಳೆಯನನ್ನೋ ಕೂರಿಸಿಕೊಂಡು ಮಾದಪ್ಪನ ಬೆಟ್ಟಕ್ಕೆ ಹೊರಡುವವರು ಇದನ್ನು ನೋಡಿಕೊಳ್ಳಬೇಕು. ಗೆಳೆಯನ ಬೈಕು ಎರವಲು ತರುವವರಿಗೆ 2009ರ ಇನ್ನೊಂದು ತೀರ್ಪಿದೆ. ಇಳಕಲ್–ಕುಷ್ಟಗಿ ಹೆದ್ದಾರಿಯಲ್ಲಿ ಕಬ್ಬಿಣದ ತಗಡು ಹೇರಿದ್ದ ಎತ್ತಿನಗಾಡಿ ಮುಂದೆ ಹಠಾತ್ತನೆ ನಿಂತಿತು. ಎರವಲು ಬೈಕಿನ ಸವಾರ ಅದಕ್ಕೆ ಗುದ್ದಿ ತೀರಿಕೊಂಡ. ಎರವಲು ಪಡೆದವನು ಮಾಲೀಕನ ಜಾಗದಲ್ಲೇ ನಿಲ್ಲುತ್ತಾನೆ, ಹಾಗಾಗಿ ತಪ್ಪು ಸಾಬೀತುಪಡಿಸದೆ ಪಡೆಯುವ ಪರಿಹಾರವನ್ನು ಆ ಬೈಕಿನ ವಿಮೆಯಿಂದ ಅವನ ಮನೆಯವರು ಕೇಳುವಂತಿಲ್ಲ ಎಂದಿತು ಸುಪ್ರೀಂ ಕೋರ್ಟ್.

ಎಫ್‌ಐಆರ್ ಪ್ರತಿ ದೂರುದಾರರಿಗೆ ಪುಕ್ಕಟೆ. ತನಿಖಾಧಿಕಾರಿ 48 ಗಂಟೆಯೊಳಗೆ ಮೋಟಾರು ಅಪಘಾತ ನ್ಯಾಯಮಂಡಳಿಗೆ ಪ್ರಥಮ ಅಪಘಾತ ವರದಿ ಕಳಿಸಬೇಕು, ಸಂತ್ರಸ್ತರಿಗೆ ಅವರ ಹಕ್ಕುಗಳ ನಮೂನೆ ಕೊಡಬೇಕು ಎಂದು 2022ರ ನಿಯಮಗಳು ಹೇಳುತ್ತವೆ. ಆ ನಮೂನೆಯನ್ನು ಕೇಳಿ ಪಡೆಯಿರಿ. ಕ್ಲೇಮು ಎಲ್ಲಿ ಹಾಕಬೇಕೆಂಬ ಆಯ್ಕೆ ಗಾಯಾಳುವಿನದು: ಅಪಘಾತವಾದ ಜಾಗ, ತಾನಿರುವ ಊರು, ಎದುರಾಳಿ ಇರುವ ಊರು. ಬರಗೂರಿನ ತಿರುವಿನಲ್ಲಿ ಪೆಟ್ಟು ತಿಂದ ಅಜ್ಜೀಪುರದವನು ತಮಿಳುನಾಡಿಗೆ ಅಲೆಯಬೇಕಿಲ್ಲ. ಕಾಯ್ದೆಯಲ್ಲಿರುವ ಗಡುವು ಆರು ತಿಂಗಳು. ಅದು ಸಿಂಧುವೇ ಎಂಬ ಪ್ರಶ್ನೆ ಸುಪ್ರೀಂ ಕೋರ್ಟಿನ ಮುಂದಿದ್ದರೂ ಅದನ್ನು ನೆಚ್ಚಿಕೊಂಡು ಕೂರುವುದು ಜಾಣತನವಲ್ಲ. ಗುದ್ದಿದ ವಾಹನ ಗಡಿ ದಾಟಿ ಮಾಯವಾಗಿದ್ದರೆ ಸಾವಿಗೆ 2 ಲಕ್ಷ, ತೀವ್ರ ಗಾಯಕ್ಕೆ 50,000 ರೂಪಾಯಿ ಪರಿಹಾರವಿದೆ. ಅರ್ಜಿ ಹೋಗಬೇಕಾದ್ದು ಕಂದಾಯ ಇಲಾಖೆಯ ಅಧಿಕಾರಿಗೆ.

ರಾಜಿಯೇ ಬೇಕೆಂದರೆ ಲೋಕ ಅದಾಲತ್ ಇದೆ. ಅಲ್ಲಿ ವಿಮಾ ಕಂಪನಿಯೂ ಕೂರುತ್ತದೆ, ಒಪ್ಪಂದಕ್ಕೆ ಡಿಕ್ರಿಯ ಬಲವಿರುತ್ತದೆ. ವಕೀಲರಿಗೆ ಕೊಡಲು ಹಣವಿಲ್ಲದವರು 15100ಕ್ಕೆ ಕರೆ ಮಾಡಿ ಉಚಿತ ಕಾನೂನು ನೆರವು ಕೇಳಬಹುದು. ಮಹಿಳೆಯರು, ಪರಿಶಿಷ್ಟ ಜಾತಿ-ಪಂಗಡದವರಿಗೆ ಆದಾಯದ ಮಿತಿ ಅಡ್ಡಬರುವುದಿಲ್ಲ. ಅದಾಲತ್ತಿನ ತೀರ್ಮಾನಕ್ಕೆ ಮೇಲ್ಮನವಿ ಇಲ್ಲ. ಮೊತ್ತ ಸಾಲದು ಅನ್ನಿಸಿದರೆ ಸಹಿ ಹಾಕುವ ಮುಂಚೆಯೇ ಹೇಳಬೇಕು.